ಅರ್ಧ ಎಂ.ಎಲ್.ನಲ್ಲಿ ಎರಡಕ್ಕೂ ಜಾಗ: ಜೋಡಿ ಲಸಿಕೆಯ ಕೆಲಸ ಎಲ್ಲಿಗೆ ಬಂತು

ಜೂನ್, ಮೊದಲ ವಾರ

ಎಂ.ವಿ.ಎಸ್ಸಿ. (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಎರಡನೇ ವರ್ಷ. ಪ್ರಬಂಧದ ವಿಷಯ ಕೊನೆಗೂ ಗಟ್ಟಿಯಾಯಿತು: ಕೋಳಿಗಳ ಎರಡು ವೈರಸ್ ಕಾಯಿಲೆ, ಕೊಕ್ಕರೆ ರೋಗ ಮತ್ತು ಮೊಟ್ಟೆ ಕೆಡಿಸುವ ಎಗ್ ಡ್ರಾಪ್ ಸಿಂಡ್ರೋಮ್, ಎರಡಕ್ಕೂ ಸೇರಿಸಿ ಒಂದೇ ನಿಷ್ಕ್ರಿಯ ಲಸಿಕೆ, ಅಂದರೆ ಸಾಯಿಸಿದ ವೈರಸ್ಸಿನದು. ಫಾರಂನವರು ಇದನ್ನು ‘ಕಿಲ್ಡ್’ ಅಂತಾರೆ. ಕಂಪನಿಗಳ ಜೋಡಿ ಲಸಿಕೆಗಳು, ಮೂರು ನಾಲ್ಕು ರೋಗ ಸೇರಿಸಿದವು ಸಹ, ಎಷ್ಟೋ ವರ್ಷದಿಂದ ಮಾರುಕಟ್ಟೆಯಲ್ಲಿವೆ. ನಾನು ಹೊಸದೇನೂ ಕಂಡುಹಿಡಿಯಲು ಹೊರಟಿಲ್ಲ. ಮೊಟ್ಟೆಯಿಂದ ಬಾಟಲಿವರೆಗಿನ ಪ್ರತಿ ಹೆಜ್ಜೆಯನ್ನೂ ಹಾಸನದಲ್ಲೇ ನಮ್ಮ ಕೈಯಿಂದ ಮಾಡಬೇಕು, ಎರಡು ವೈರಸ್ ಒಂದೇ ಎಣ್ಣೆಯಲ್ಲಿ ಕೂತಾಗ ಒಂದರಿಂದ ಇನ್ನೊಂದಕ್ಕೆ ನಷ್ಟ ಆಗುತ್ತದೆಯೇ ಅಂತ ಅಳೆದು ನೋಡಬೇಕು.

ಈ ಎರಡೇ ಯಾಕೆ ಅಂದರೆ, ಇಂಟರ್ನ್‌ಶಿಪ್ ಸಮಯದಲ್ಲಿ ಚನ್ನರಾಯಪಟ್ಟಣದ ಕಡೆಯ ಒಂದು ಲೇಯರ್ (ಮೊಟ್ಟೆ ಕೋಳಿ) ಫಾರಂ ನೋಡಿದ್ದೆ. ಕೋಳಿಗಳು ಚೆನ್ನಾಗಿ ತಿನ್ನುತ್ತಿದ್ದವು, ಓಡಾಡುತ್ತಿದ್ದವು. ಮೊಟ್ಟೆ ಮಾತ್ರ ಕೈಯಲ್ಲಿ ಹಿಡಿದರೆ ಬೆರಳು ಒಳಗೆ ಹೋಗುವಷ್ಟು ತೆಳು, ಕೆಲವಕ್ಕೆ ಚಿಪ್ಪೇ ಇಲ್ಲ. ಮಾಲೀಕರು ಎರಡು ತಿಂಗಳು ಕಪ್ಪೆಚಿಪ್ಪು, ಕ್ಯಾಲ್ಸಿಯಂ ಅಂತ ಸುರಿದರು. ರಕ್ತ ಪರೀಕ್ಷೆ ಮಾಡಿಸಿದಾಗಲೇ ಎಗ್ ಡ್ರಾಪ್ ಎಂದು ತಿಳಿದದ್ದು. ಅಷ್ಟರಲ್ಲಿ ಮೊಟ್ಟೆ ಏರಬೇಕಾದ ಕಾಲ ಕಳೆದೇಹೋಗಿತ್ತು. ಆ ಮನುಷ್ಯ ಟ್ರೇ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು ಇನ್ನೂ ಕಣ್ಣಮುಂದೆ ಇದೆ.

ಕೊಕ್ಕರೆ ರೋಗದ ಬಗ್ಗೆ ಹಳ್ಳಿಯಲ್ಲಿ ಯಾರಿಗೂ ಹೇಳಬೇಕಿಲ್ಲ. 1926ರಲ್ಲಿ ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ ರೋಗ. ನಮ್ಮ ದೇಶದಲ್ಲಿ ಉತ್ತರಾಖಂಡದ ರಾಣಿಖೇತ್ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಎಗ್ ಡ್ರಾಪ್ ಬೆಳಕಿಗೆ ಬಂದದ್ದು 1976ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಇದು ಮೂಲತಃ ಬಾತುಕೋಳಿಯ ಅಡಿನೋವೈರಸ್. ಬಾತುಕೋಳಿಯ ಭ್ರೂಣಕೋಶದಲ್ಲಿ ಬೆಳೆಸಿದ, ಕೋಳಿಯ ಇನ್ನೊಂದು ರೋಗವಾದ ಮಾರೆಕ್ಸ್‌ನ ಲಸಿಕೆಯೊಳಗೆ ಸೇರಿಕೊಂಡು ಕೋಳಿಗೆ ದಾಟಿರಬೇಕು ಅನ್ನುವುದು ಬಹುಪಾಲು ತಜ್ಞರ ನಂಬಿಕೆ. ಲಸಿಕೆಯ ಸೀಸೆಯೇ ರೋಗ ಹೊತ್ತು ತಂದಿರಬಹುದು ಅನ್ನುವುದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಲ್ಯಾಬ್ ಪುಸ್ತಕದ ಮೊದಲ ಪುಟದಲ್ಲಿ ಅದನ್ನೇ ಬರೆದುಕೊಂಡಿದ್ದೇನೆ.

ಇನ್ನೊಂದು ಕಾರಣ ಕೆಲಸದ ಅನುಕೂಲ. ಎರಡೂ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಹಾಗಾಗಿ ಸಣ್ಣ ಗುಣಿಗಳಿರುವ ಒಂದೇ ಬಗೆಯ ಎಚ್‌ಎ, ಎಚ್‌ಐ ಪ್ಲೇಟಿನಲ್ಲಿ ಎರಡನ್ನೂ ಅಳೆಯಬಹುದು. ಎಚ್‌ಎ ಅಂದರೆ ಆ ಅಂಟಿನಿಂದ ವೈರಸ್ ಎಷ್ಟಿದೆ ಅಂತ ಅಳೆಯುವುದು, ಎಚ್‌ಐ ಅಂದರೆ ಆ ಅಂಟನ್ನು ತಡೆಯುವ ಪ್ರತಿಕಾಯ ಎಷ್ಟಿದೆ ಅಂತ ಅಳೆಯುವುದು. ಕೋಳಿಯ ಇನ್ನೊಂದು ರೋಗವಾದ ಬ್ರಾಂಕೈಟಿಸ್‌ನ ವೈರಸ್ ಸೇರಿಸುವ ಆಸೆಯಿತ್ತು. ಆದರೆ ಅದಕ್ಕೆ ಮೊದಲು ಕಿಣ್ವದ ಉಪಚಾರ ಮಾಡದಿದ್ದರೆ ರಕ್ತಕಣ ಅಂಟುವುದಿಲ್ಲ. ಮತ್ತೊಂದು ಕೋಳಿ ರೋಗ ಗುಂಬೊರೊದ ವೈರಸ್ ಅಂತೂ ಅಂಟಿಸುವುದೇ ಇಲ್ಲ. ಎರಡನ್ನೂ ಕೈಬಿಟ್ಟೆ.

ಜುಲೈ

ಕೊಕ್ಕರೆ ರೋಗದ ಭಾಗ ಸಲೀಸು. ಲಸೋಟಾ (ಲಸಿಕೆಗೆ ಬಳಸುವ ಸೌಮ್ಯ ವೈರಸ್) ತಳಿ, ಹತ್ತು ದಿನ ಕಾವು ಕೊಟ್ಟ ಕೋಳಿ ಮೊಟ್ಟೆ, ಭ್ರೂಣದ ಸುತ್ತ ದ್ರವ ತುಂಬಿರುವ ಅಲಾಂಟಾಯಿಕ್ ಕುಳಿಗೆ ಚುಚ್ಚಿ, ಮೂರು ನಾಲ್ಕು ದಿನ 37 ಡಿಗ್ರಿಯಲ್ಲಿ. ಆಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ರಕ್ತ ಬೆರೆಯದ ಹಾಗೆ ದ್ರವ ತೆಗೆಯುವುದು. ಎಚ್‌ಎ ಟೈಟರ್ 9 ಬಂತು. ಅಂದರೆ ಒಂಬತ್ತು ಸಲ ಎರಡೆರಡು ಪಟ್ಟಾಗಿ, ಒಟ್ಟು 512 ಪಟ್ಟು ತೆಳುಮಾಡಿದರೂ ರಕ್ತಕಣ ಅಂಟಿಸುವ ಶಕ್ತಿ ಉಳಿದಿರುತ್ತದೆ.

ಒದ್ದಾಡಿಸಿದ್ದು ಬಾತುಮೊಟ್ಟೆ. ಎಗ್ ಡ್ರಾಪ್ ವೈರಸ್ ಚೆನ್ನಾಗಿ ಬೆಳೆಯಲು ಬಾತಿನ ಭ್ರೂಣವೇ ಬೇಕು. ಹೊಳೆನರಸೀಪುರದ ಕಡೆ ನಾಲೆ ಪಕ್ಕ ಬಾತು ಸಾಕಿದವರಿಂದ ನಲವತ್ತು ಮೊಟ್ಟೆ ತಂದೆ. ಚುಚ್ಚಿ, ಕಾದು, ದ್ರವ ತೆಗೆದರೆ ಟೈಟರ್ 3. ಮತ್ತೆ ಮಾಡಿದೆ, 2. ಸೂಜಿ ಸರಿಯಿಲ್ಲವೇನೋ, ಇನ್‌ಕ್ಯುಬೇಟರ್ ಸರಿಯಿಲ್ಲವೇನೋ ಅಂತ ಎರಡು ವಾರ ಹೋಯಿತು. ಲ್ಯಾಬಿನ ಅಣ್ಣ ಒಂದು ದಿನ, ‘ಮೇಡಂ, ಬಾತು ಅದರದ್ದೇ ಕಾಯಿಲೆ ಅಲ್ವಾ ಇದು? ತಾಯಿಗೆ ಬಂದು ಹೋಗಿದ್ರೆ ಮೊಟ್ಟೆಗೂ ಶಕ್ತಿ ಬಂದಿರುತ್ತೆ’ ಅಂದರು. ಪುಸ್ತಕದಲ್ಲಿ ನಾನೇ ಗೆರೆ ಎಳೆದಿಟ್ಟ ವಾಕ್ಯ ಅದು! ಹಳದಿಯನ್ನು ಬಫರ್‌ನಲ್ಲಿ ಕಲಸಿ, ಕ್ಲೋರೋಫಾರಂ ಹಾಕಿ ತಿಳಿ ತೆಗೆದು ಎಚ್‌ಐ ಮಾಡಿದೆ. ಪರೀಕ್ಷಿಸಿದ ಆರು ಮೊಟ್ಟೆಗಳಲ್ಲಿ ಐದರಲ್ಲಿ ಪ್ರತಿಕಾಯ ಇತ್ತು. ತಾಯಿ ಬಾತಿನಿಂದ ಬಂದ ಪ್ರತಿಕಾಯ ನನ್ನ ವೈರಸ್ಸನ್ನು ಮೊಟ್ಟೆಯೊಳಗೇ ಕಟ್ಟಿಹಾಕುತ್ತಿತ್ತು.

ಆಗಸ್ಟ್

ಸೋಂಕು ಮುಟ್ಟದ ಬಾತು ಹುಡುಕುವ ಕೆಲಸ. ನಾಲ್ಕು ಕಡೆಯ ಮೊಟ್ಟೆ ತಂದು ಹಳದಿ ನೋಡಿದೆ, ಎಲ್ಲವೂ ಪಾಸಿಟಿವ್. ಕೊನೆಗೆ ಸಕಲೇಶಪುರದಿಂದ ಆಚೆ, ತೋಟದ ನಡುವೆ ಒಂದೊಂಟಿ ಮನೆ. ಸಣ್ಣ ಕೆರೆ, ಹನ್ನೊಂದು ಬಾತು, ಹೊರಗಿನಿಂದ ಒಂದು ಹಕ್ಕಿಯನ್ನೂ ತಂದು ಬಿಟ್ಟು ಎಷ್ಟೋ ವರ್ಷವಾಗಿದೆ. ಮಳೆ ಹಿಡಿದು ಬಿಟ್ಟಿರಲಿಲ್ಲ. ಮೊಟ್ಟೆ ಕೇಳಿದ್ದಕ್ಕೆ ಅಜ್ಜಿ, ‘ಆಮ್ಲೆಟ್ಟಿಗಾ?’ ಅಂದರು. ‘ಇಲ್ಲ ಅಜ್ಜಿ, ಕೋಳಿಗೆ ಲಸಿಕೆ ಮಾಡಕ್ಕೆ’ ಅಂದೆ. ‘ಹಂಗಾದ್ರೆ ಕಾವಿಗೆ ಇಟ್ಟಿರೋದನ್ನೇ ತಗೊಂಡು ಹೋಗವ್ವ, ಗಂಡು ಬಿಟ್ಟಿರೋ ಮೊಟ್ಟೆ ಬೇಕಲ್ವಾ ನಿಂಗೆ’ ಅಂತ ಬುಟ್ಟಿಗೆ ಭತ್ತದ ಹೊಟ್ಟು ಹಾಕಿ ಕೊಟ್ಟರು. ಹಳದಿ ನೆಗೆಟಿವ್. ಹತ್ತು ಹನ್ನೆರಡು ದಿನದ ಭ್ರೂಣಕ್ಕೆ ಚುಚ್ಚಿ, ಆರನೇ ದಿನ ದ್ರವ ತೆಗೆದೆ.

ಟೈಟರ್ 14. ಹದಿನಾರು ಸಾವಿರ ಪಟ್ಟಿಗೂ ಮಿಕ್ಕಿ ತೆಳುಮಾಡಿದ ಮೇಲೂ ರಕ್ತಕಣ ಅಂಟಿ ಹರಡಿಕೊಂಡಿತ್ತು. ಪ್ಲೇಟಿನ ಒಂದು ಸಾಲಿನ ಹನ್ನೆರಡು ಗುಣಿ ಸಾಲದೆ ಎರಡನೇ ಸಾಲಿಗೆ ಹೋಗಬೇಕಾಯಿತು.

ಸೆಪ್ಟೆಂಬರ್

ಈಗ ಕೊಲ್ಲುವ ಕೆಲಸ. ಎರಡನ್ನೂ ಬೇರೆ ಬೇರೆಯಾಗಿಯೇ ಮಾಡಬೇಕು. ಕೊಕ್ಕರೆ ರೋಗದ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಬೇಗ ಸಾಯುತ್ತದೆ. ಅಡಿನೋ ಜಾತಿಗೆ ಆ ಹೊದಿಕೆ ಇಲ್ಲ, ಮೊಂಡು. ಒಟ್ಟಿಗೆ ಸುರಿದು ಫಾರ್ಮಲಿನ್ ಹಾಕಿದರೆ ಮೊದಲನೆಯದಕ್ಕೆ ಹೆಚ್ಚಾಗುತ್ತದೆ ಅಥವಾ ಎರಡನೆಯದಕ್ಕೆ ಕಡಿಮೆಯಾಗುತ್ತದೆ. ಎರಡಕ್ಕೂ ಶೇ. 0.1 ಫಾರ್ಮಲಿನ್, 37 ಡಿಗ್ರಿ, ಆಗಾಗ ಅಲುಗಿಸುತ್ತಾ. ಎಗ್ ಡ್ರಾಪ್‌ಗೆ ಹೆಚ್ಚು ಹೊತ್ತು ಕೊಟ್ಟೆ. ಉಳಿದ ಫಾರ್ಮಲಿನ್ ತಟಸ್ಥ ಮಾಡಲು ಸೋಡಿಯಂ ಬೈಸಲ್ಫೈಟ್.

ಸತ್ತಿದೆಯೇ ಅಂತ ಖಚಿತ ಮಾಡಲು ಅದನ್ನು ಮತ್ತೆ ಮೊಟ್ಟೆಗೆ ಚುಚ್ಚಿ ನೋಡಬೇಕು. ಬಾತುಮೊಟ್ಟೆಗೆ 0.2 ಎಂ.ಎಲ್. ಚುಚ್ಚಿದೆ. ಭ್ರೂಣಗಳು ಚೆನ್ನಾಗಿಯೇ ಇದ್ದವು. ಆದರೆ ದ್ರವದ ಹನಿಗೆ ರಕ್ತಕಣ ಹಾಕಿದರೆ ಅಂಟಿಬಿಟ್ಟಿತು! ವೈರಸ್ ಬದುಕಿದೆ ಅಂದುಕೊಂಡು ಇಡೀ ಬ್ಯಾಚನ್ನು ನಾಶಮಾಡಲು ಆಟೋಕ್ಲೇವ್‌ಗೆ (ಬಿಸಿ ಹಬೆಯ ಪಾತ್ರೆ) ಹಾಕಲು ಎದ್ದಿದ್ದೆ. ಗೈಡ್ ಸರ್ ತಡೆದು, ‘ಬರೀ ಅಂಟಿತಾ ಅಂತ ನೋಡ್ಬೇಡ, ಎಷ್ಟು ಅಂತ ಅಳಿ’ ಅಂದರು.

ಅಳೆದಾಗ ಲೆಕ್ಕ ತಿಳಿಯಿತು. ಸತ್ತ ವೈರಸ್ ಸಹ ರಕ್ತಕಣ ಅಂಟಿಸುತ್ತದೆ. ಮೇಲ್ಮೈ ಪ್ರೋಟೀನ್ ಹಾಗೇ ಉಳಿದಿರುತ್ತದೆ, ಲಸಿಕೆಗೆ ಬೇಕಾದದ್ದೂ ಅದೇ. ಟೈಟರ್ 14ರ ದ್ರವವನ್ನು 0.2 ಎಂ.ಎಲ್. ಹಾಕಿದರೆ, ಮೊಟ್ಟೆಯೊಳಗಿನ ದ್ರವದಲ್ಲಿ ಅದು ಐವತ್ತು ಅರವತ್ತು ಪಟ್ಟು ತೆಳುವಾದರೂ ಟೈಟರ್ 8ರಷ್ಟು ಉಳಿಯುತ್ತದೆ. ನನಗೆ ಸಿಕ್ಕಿದ್ದೂ 8. ಆ ದ್ರವವನ್ನು ಮುಂದಿನ ಮೊಟ್ಟೆಗಳಿಗೆ ದಾಟಿಸಿದಾಗ 2, ಮೂರನೇ ಸಲಕ್ಕೆ ಸೊನ್ನೆ. ಬದುಕಿದ್ದ ವೈರಸ್ ಆಗಿದ್ದರೆ ಪ್ರತಿ ದಾಟಿನಲ್ಲೂ ಮತ್ತೆ 14ಕ್ಕೆ ಏರುತ್ತಿತ್ತು. ಎಗ್ ಡ್ರಾಪ್‌ನಂಥ ಹೆಚ್ಚು ಟೈಟರಿನ ವೈರಸ್ಸಿಗೆ ಹನಿ ಪರೀಕ್ಷೆಯ ಹೌದು, ಇಲ್ಲ ಸಾಲುವುದಿಲ್ಲ. ಈ ಕೆಲಸ ಮಾಡುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಇದನ್ನು ಗುರುತು ಹಾಕಿಕೊಳ್ಳಿ. ನಾನು ಒಂದು ತಿಂಗಳ ಕೆಲಸವನ್ನು ಚೆಲ್ಲುವುದರಲ್ಲಿದ್ದೆ.

ಅಕ್ಟೋಬರ್

ಎಣ್ಣೆ ಕಲಸುವುದು. ಎಣ್ಣೆ, ನೀರು ಬೆರೆತು ನಿಲ್ಲಲು ಲಘು ಪ್ಯಾರಾಫಿನ್ ಎಣ್ಣೆಗೆ ಸ್ಪ್ಯಾನ್ 80, ವೈರಸ್ ಇರುವ ನೀರಿನ ಭಾಗಕ್ಕೆ ಟ್ವೀನ್ 80. ಎಣ್ಣೆ 70, ನೀರು 30. ಎಣ್ಣೆಯೊಳಗೆ ನೀರಿನ ಕಣಗಳು ಕೂರಬೇಕು. ಹಾಗಿದ್ದರೆ ಆಂಟಿಜೆನ್, ಅಂದರೆ ಸತ್ತ ವೈರಸ್, ಚುಚ್ಚಿದ ಜಾಗದಿಂದ ನಿಧಾನವಾಗಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರವಾಗಿಡುತ್ತದೆ. ಮೊದಲ ಸಲ ನೀರಿನ ಭಾಗವನ್ನು ಒಟ್ಟಿಗೆ ಸುರಿದೆ. ಮರುದಿನ ಹಾಲು ಒಡೆದ ಹಾಗೆ ಅಡಿಯಲ್ಲಿ ನೀರು ನಿಂತಿತ್ತು. ಎರಡನೇ ಸಲ ಎರಡನ್ನೂ ತಣ್ಣಗೆ ಮಾಡಿ, ಹೋಮೋಜಿನೈಸರ್ ತಿರುಗುತ್ತಿರುವಾಗ ಪಿಪೆಟ್ಟಿನಿಂದ ತೊಟ್ಟು ತೊಟ್ಟಾಗಿ ಬಿಟ್ಟೆ. ಬೀಕರಿನ ತಣ್ಣೀರಿಗೆ ಒಂದು ಹನಿ ಹಾಕಿ ನೋಡಿದರೆ, ಬಿಳಿ ಮುತ್ತಿನ ಹಾಗೆ ದುಂಡಗೆ ಮೇಲೇ ತೇಲಿತು, ಹರಡಲಿಲ್ಲ. ಆ ಹನಿಯನ್ನು ಹತ್ತು ನಿಮಿಷ ನೋಡುತ್ತಾ ಕೂತಿದ್ದೆ.

ನವೆಂಬರ್, ಮೊದಲ ಪ್ರಯೋಗ

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬಂದಿತ್ತು. 14 ವಾರದ ನಲವತ್ತು ಲೇಯರ್ ಹೆಣ್ಣುಕೋಳಿ, ಹತ್ತರ ನಾಲ್ಕು ಗುಂಪು: ಕೊಕ್ಕರೆ ಮಾತ್ರ, ಎಗ್ ಡ್ರಾಪ್ ಮಾತ್ರ, ಜೋಡಿ, ಬರೀ ಎಣ್ಣೆ. ಮರಿಯಲ್ಲಿ ಎಲ್ಲಕ್ಕೂ ಲಸೋಟಾ ಜೀವಂತ ಲಸಿಕೆ ಆಗಿತ್ತು, ಫಾರಂಗಳಲ್ಲಿ ಆಗುವ ಹಾಗೆಯೇ. ಕತ್ತಿನ ಕೆಳಭಾಗದ ಚರ್ಮದಡಿ 0.5 ಎಂ.ಎಲ್.

ನಾಲ್ಕನೇ ವಾರದ ರಕ್ತ: ಎಗ್ ಡ್ರಾಪ್ ಎರಡೂ ಕಡೆ ಚೆನ್ನಾಗಿತ್ತು. ಕೊಕ್ಕರೆಯ ಎಚ್‌ಐ ಟೈಟರ್ ಮಾತ್ರ, ಒಂಟಿ ಲಸಿಕೆಯಲ್ಲಿ ಸರಾಸರಿ 8, ಜೋಡಿಯಲ್ಲಿ 6. ಎಗ್ ಡ್ರಾಪ್ ಕೊಕ್ಕರೆಯನ್ನು ತುಳಿಯುತ್ತಿದೆ ಅಂತ ಬರೆದು ಸರ್‌ಗೆ ಕೊಟ್ಟೆ. ಅವರು ಪೆನ್ನಿನ ತುದಿಯಿಂದ ಒಂದೇ ಸಾಲು ತೋರಿಸಿದರು. ಒಂದು ಡೋಸಿನಲ್ಲಿ ನೀರಿನ ಭಾಗ 0.15 ಎಂ.ಎಲ್. ಒಂಟಿ ಲಸಿಕೆಯಲ್ಲಿ ಅಷ್ಟೂ ಕೊಕ್ಕರೆಯದೇ. ಜೋಡಿಯಲ್ಲಿ ನಾನು ಸಮಪಾಲು ಮಾಡಿದ್ದೆ, 0.075 ಮತ್ತು 0.075. ಅರ್ಧ ಆಂಟಿಜೆನ್ ಕೊಟ್ಟು, ಟೈಟರ್ ಕಡಿಮೆಯಾದದ್ದಕ್ಕೆ ಪಕ್ಕದ ವೈರಸ್ಸಿನ ಮೇಲೆ ದೂರು ಹೇಳುತ್ತಿದ್ದೆ. ಹೋಲಿಕೆಯೇ ತಪ್ಪಾಗಿತ್ತು.

ಟೈಟರ್ 14 ಇರುವವನಿಗೆ ಮತ್ತು 9 ಇರುವವನಿಗೆ ಸಮಪಾಲು ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಎಗ್ ಡ್ರಾಪ್‌ಗೆ ಅಷ್ಟು ಜಾಗವೇ ಬೇಕಿರಲಿಲ್ಲ.

ಡಿಸೆಂಬರ್, ಜನವರಿ: ಎರಡನೇ ಪ್ರಯೋಗ

ಕೊಕ್ಕರೆಯ ದ್ರವವನ್ನು ಪಿಇಜಿ 6000 ಅನ್ನುವ ರಾಸಾಯನಿಕ ಹಾಕಿ ಗಟ್ಟಿ ಮಾಡಿದೆ, ಟೈಟರ್ 12. ಪಾಲು ಬದಲಾಯಿಸಿದೆ: ಕೊಕ್ಕರೆಗೆ 0.12, ಎಗ್ ಡ್ರಾಪ್‌ಗೆ 0.03. ಒಂಟಿ ಲಸಿಕೆಗಳಲ್ಲೂ ಅಷ್ಟೇ ಆಂಟಿಜೆನ್, ಉಳಿದದ್ದು ಬಫರ್. ಈಗ ಜೋಡಿಗೂ ಒಂಟಿಗೂ ಇರುವ ವ್ಯತ್ಯಾಸ ಪಕ್ಕದ ವೈರಸ್ ಒಂದೇ.

ಹಾಸನದ ಡಿಸೆಂಬರ್ ಚಳಿಗೆ ಎಮಲ್ಷನ್ (ಎಣ್ಣೆ, ನೀರಿನ ಮಿಶ್ರಣ) ಸಿರಿಂಜಿನಲ್ಲಿ ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು. ಫ್ರಿಜ್‌ನಿಂದ ತೆಗೆದು ಕೋಣೆಯ ಶಾಖಕ್ಕೆ ಬರುವವರೆಗೆ ಕಾದು, ಬಾಟಲಿ ಮೆಲ್ಲಗೆ ತಿರುಗಿಸಿ ಚುಚ್ಚಿದೆವು. ಹಿಡಿಯುವವರು ಅಣ್ಣ, ಚುಚ್ಚುವವಳು ನಾನು. ಜೋಡಿ ಲಸಿಕೆ ಯಾಕೆ ಬೇಕು ಅನ್ನುವುದು ಪುಸ್ತಕಕ್ಕಿಂತ ಆ ಬೆಳಗ್ಗೆ ಚೆನ್ನಾಗಿ ಅರ್ಥವಾಯಿತು. ಹಿಡಿದ ಪ್ರತಿ ಕೋಳಿಯ ಎದೆಬಡಿತ ಅಂಗೈಗೆ ತಾಗುತ್ತದೆ. ಮೊಟ್ಟೆ ಶುರುವಾಗುವ ಮುನ್ನ ಸಾವಿರಾರು ಕೋಳಿಯನ್ನು ಎರಡು ಸಲ ಹಿಡಿಯುವುದು, ಎರಡು ಸಲ ಹೆದರಿಸುವುದು, ಎರಡು ದಿನದ ಕೂಲಿ.

ಎಚ್‌ಐ ಓದುವುದು ನನಗೆ ಈಗ ತುಂಬಾ ಇಷ್ಟದ ಕೆಲಸ. ಸೀರಂ (ರಕ್ತದ ತಿಳಿ) ಎರಡೆರಡು ಪಟ್ಟು ತೆಳುಮಾಡುತ್ತಾ ಹೋಗಿ, ನಾಲ್ಕು ಎಚ್‌ಎ ಯೂನಿಟ್ ವೈರಸ್, ಶೇ. 1 ರಕ್ತಕಣ, ನಲವತ್ತು ನಿಮಿಷ. ಪ್ಲೇಟನ್ನು ಓರೆ ಹಿಡಿದರೆ, ಪ್ರತಿಕಾಯ ಇರುವ ಗುಣಿಯಲ್ಲಿ ಕೆಂಪು ಗುಂಡಿ ಕಣ್ಣೀರಿನ ಹಾಗೆ ಕೆಳಗೆ ಜಾರುತ್ತದೆ. ಇಲ್ಲದ ಗುಣಿಯಲ್ಲಿ ತೆಳು ಕೆಂಪು ಚಾಪೆ ಅಲುಗುವುದಿಲ್ಲ. ಜನವರಿಯ ಪ್ಲೇಟಿನಲ್ಲಿ ಜೋಡಿ ಗುಂಪಿನ ಸಾಲುಗಳು ಎಂಟನೇ ಗುಣಿಯವರೆಗೆ ಜಾರಿದವು, ಕೆಲವು ಒಂಬತ್ತಕ್ಕೂ.

ನಾಲ್ಕನೇ ವಾರದ ಸರಾಸರಿ: ಕೊಕ್ಕರೆ, ಒಂಟಿಯಲ್ಲಿ 8.5, ಜೋಡಿಯಲ್ಲಿ 8.3. ಎಗ್ ಡ್ರಾಪ್, ಒಂಟಿಯಲ್ಲಿ 7.9, ಜೋಡಿಯಲ್ಲಿ 7.8. ಬರೀ ಎಣ್ಣೆಯ ಗುಂಪಿನಲ್ಲಿ ಕೊಕ್ಕರೆಗೆ ಹಳೆಯ ಲಸೋಟಾದ ಉಳಿಕೆ 3ರ ಆಸುಪಾಸು, ಎಗ್ ಡ್ರಾಪ್‌ಗೆ ಏನೂ ಇಲ್ಲ. ಹತ್ತು ಹತ್ತು ಹಕ್ಕಿಯ ಲೆಕ್ಕ ಇದು, ಇದರ ಮೇಲೆ ದೊಡ್ಡ ಮಾತು ಆಡುವುದಿಲ್ಲ. ನಿಜವಾದ ವೈರಸ್ ಕೊಟ್ಟು ರಕ್ಷಣೆ ಪರೀಕ್ಷಿಸಲು ಬೇಕಾದ ಬಿಗಿ ಜೈವಿಕ ಸುರಕ್ಷತೆಯ ಶೆಡ್ ನಮ್ಮಲ್ಲಿಲ್ಲ, ಹಾಗಾಗಿ ಆ ಹೆಜ್ಜೆ ಈ ಪ್ರಬಂಧದಲ್ಲಿ ಇರುವುದಿಲ್ಲ. ಆದರೆ ನನ್ನ ಪ್ರಶ್ನೆ ಒಂದರಿಂದ ಇನ್ನೊಂದಕ್ಕೆ ನಷ್ಟವಾಗುತ್ತದೆಯೇ ಅನ್ನುವುದು. ಸರಿಯಾದ ಪಾಲು ಕೊಟ್ಟರೆ, ಈ ಹಕ್ಕಿಗಳಲ್ಲಿ, ಆಗಲಿಲ್ಲ.

ಫೆಬ್ರುವರಿ, ಈ ವಾರ

ಎರಡನೇ ಪ್ರಯೋಗದ ಕೋಳಿಗಳಲ್ಲಿ ಮೊಟ್ಟೆ ಶುರುವಾಗಿದೆ. ದಿನಾ ಬೆಳಗ್ಗೆ ತೂಕ, ಚಿಪ್ಪಿನ ದಪ್ಪ ಬರೆದಿಡುತ್ತಿದ್ದೇನೆ. ಚುಚ್ಚಿದ ಜಾಗದಲ್ಲಿ ಎರಡು ಕೋಳಿಗೆ ಮಾತ್ರ ಸಣ್ಣ ಗಂಟು ಸಿಕ್ಕಿತು, ಮೇವು ಯಾವುದೂ ಬಿಟ್ಟಿಲ್ಲ.

ಸಕಲೇಶಪುರದ ಅಜ್ಜಿಗೆ ಹೋದ ಭಾನುವಾರ ಫೋನ್ ಮಾಡಿದ್ದೆ. ಮುಂದಿನ ಬ್ಯಾಚಿಗೆ ಹದಿನೈದು ಮೊಟ್ಟೆ ತೆಗೆದಿಟ್ಟಿದ್ದಾರಂತೆ. ಹೊಸ ಬಾತು ತರುವ ಯೋಚನೆ ಮಾಡಿದ್ದರು. ದಯವಿಟ್ಟು ತರಬೇಡಿ ಅಜ್ಜಿ, ತಂದರೂ ಬೇರೆ ಕೆರೆಗೆ ಬಿಡಿ, ಅಂತ ಬೇಡಿಕೊಂಡೆ. ‘ಆಯ್ತವ್ವ, ನಿನ್ ಕೆಲ್ಸ ಮುಗೀಲಿ’ ಅಂದರು.

37 ಡಿಗ್ರಿಯಲ್ಲಿ 21 ದಿನ ಇಡುವ ಸ್ಥಿರತೆ ಪರೀಕ್ಷೆಯ ಬಾಟಲಿಗಳಿಗೆ ಇವತ್ತು ಹನ್ನೆರಡನೇ ದಿನ. ಮೇಲೆ ಕೂದಲೆಳೆಯಷ್ಟು ಎಣ್ಣೆ ಕಾಣುತ್ತಿದೆ, ಅಡಿಯಲ್ಲಿ ನೀರು ನಿಂತಿಲ್ಲ. ಎಂಟನೇ ವಾರದ ಸೀರಂ ಫ್ರೀಜರಿನಲ್ಲಿದೆ, ನಾಳೆ ಬೆಳಗ್ಗೆ ಪ್ಲೇಟಿಗೆ ಹಾಕುತ್ತೇನೆ.