ಅಂಗವೈಕಲ್ಯದ ಪ್ರಮಾಣ ಹೆಚ್ಚಿಸಲು ನಿರಾಕರಿಸಿದ್ದಾರೆ, ಅಪೀಲು ಹಾಕಲೇ?

ಸೇನೆಯಲ್ಲಿ ಗುಮಾಸ್ತನಾಗಿ 24 ವರ್ಷ ದುಡಿದು ಊರಿಗೆ ಮರಳಿದ ಮೇಲೆ, ಕಾಗದಪತ್ರದ ಕೆಲಸ ಬಲ್ಲವನೆಂಬ ಕಾರಣಕ್ಕೆ ಸುತ್ತಲಿನ ಮಾಜಿ ಸೈನಿಕರು ನನ್ನ ಮನೆಗೆ ಬರುವುದು ರೂಢಿಯಾಗಿದೆ. ಅವರು ತರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷಕ್ಕೆ ಹತ್ತಾರು ಸಲ ಕೇಳಿಬರುತ್ತದೆ: ‘ಸರ್, ಮಂಡಿ ಮೊದಲಿಗಿಂತ ಹಾಳಾಗಿದೆ, ಪರ್ಸೆಂಟೇಜ್ ಹೆಚ್ಚಿಸಿ ಎಂದು ರೆಕಾರ್ಡ್ ಆಫೀಸಿಗೆ ಬರೆದಿದ್ದೆ. ಆಗುವುದಿಲ್ಲ ಎಂದು ಪತ್ರ ಬಂದಿದೆ. ಅಪೀಲು ಹಾಕಲೇ, ಇನ್ನೊಂದು ಬೋರ್ಡ್ ಕೇಳಲೇ, ಇಲ್ಲ ವಕೀಲರನ್ನು ನೋಡಲೇ?’ ಸೇವೆಯಲ್ಲಾದ ವೈಕಲ್ಯಕ್ಕೆ ಬೋರ್ಡ್, ಅಂದರೆ ಸೇನೆಯ ವೈದ್ಯಕೀಯ ಮಂಡಳಿ, ಬರೆಯುವ ಪರ್ಸೆಂಟೇಜಿನ ಮೇಲೆ ವೈಕಲ್ಯದ ಪಿಂಚಣಿ ನಿಂತಿರುತ್ತದೆ; ರೆಕಾರ್ಡ್ ಆಫೀಸ್ ಎಂದರೆ ನಮ್ಮ ಸೇವಾ ದಾಖಲೆಗಳನ್ನು ಇಡುವ ಕಚೇರಿ. ಈ ಪ್ರಶ್ನೆಗೆ ನಾನು ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುತ್ತ ಬಂದಿರುವ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. 2023ರ ಸೆಪ್ಟೆಂಬರ್ 21ರ ನಂತರ ಸೇವೆಯಿಂದ ಹೊರಬಂದವರಿಗೆ ಹೊಸ ನಿಯಮಾವಳಿ ಅನ್ವಯಿಸುತ್ತದೆ. ಅದಕ್ಕಿಂತ ಮೊದಲು ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಅಪೀಲು ಹಾಕಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಮೊದಲು, ಆ ಪತ್ರದಲ್ಲಿ ನಿರಾಕರಿಸಿರುವುದು ಏನನ್ನು ಎಂಬುದನ್ನು ತಿಳಿಯಬೇಕು. ‘ಹೆಚ್ಚಿಸಲು ಒಪ್ಪಲಿಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ನಿರಾಕರಣೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಇರುವ ವೈಕಲ್ಯ ಉಲ್ಬಣಿಸಿಲ್ಲ ಎಂದು ವೈದ್ಯರು ಹೇಳಿರಬಹುದು. ನೀವು ಹೊಸದಾಗಿ ಸೇರಿಸಿದ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದಿರಬಹುದು. ಇಲ್ಲವೇ ವೈದ್ಯರ ಪ್ರಮಾಣವನ್ನು ಒಪ್ಪಿಯೂ, ಅದನ್ನು ಪಿಂಚಣಿಯ ಲೆಕ್ಕದಲ್ಲಿ ಮೇಲಿನ ಹಂತಕ್ಕೆ ಏರಿಸಲು ಕಚೇರಿ ಒಪ್ಪದಿರಬಹುದು. ಈ ಮೂರಕ್ಕೂ ಬೇಕಾಗುವ ಸಾಕ್ಷ್ಯ ಬೇರೆ, ಹೂಡಬೇಕಾದ ವಾದ ಬೇರೆ, ಗೆಲ್ಲುವ ಸಾಧ್ಯತೆಯೂ ಬೇರೆ.

ಇದನ್ನು ನಾನು ಕಲಿತದ್ದು ನನ್ನದೇ ಪ್ರಕರಣದಲ್ಲಿ. ಉತ್ತರದ ಒಂದು ಗಡಿ ಠಾಣೆಯಲ್ಲಿ ಇಳಿಜಾರಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಅವಧಿ ಮುಗಿಸಿ ಹೊರಬರುವಾಗ ರಿಲೀಸ್ ಮೆಡಿಕಲ್ ಬೋರ್ಡ್ ಅದನ್ನು ಸೇವೆಯಿಂದ ಆದದ್ದೆಂದು ಒಪ್ಪಿ, 30 ಪರ್ಸೆಂಟ್ ಎಂದು ಬರೆಯಿತು. ಏಳನೆಯ ವರ್ಷದ ಹೊತ್ತಿಗೆ ಅರ್ಧ ತಾಸು ನಿಲ್ಲುವುದೂ ಕಷ್ಟವಾದಾಗ ಮರುಮೌಲ್ಯಮಾಪನ ಕೇಳಿದೆ. ಬೋರ್ಡು ಮತ್ತೆ 30 ಎಂದೇ ಬರೆಯಿತು. 40 ಆಗಲೇಬೇಕಿತ್ತು ಎಂಬ ಸಿಟ್ಟಿನಲ್ಲಿ ಒಂದೂವರೆ ವರ್ಷ ಅಪೀಲುಗಳನ್ನು ಬರೆದೆ. ಆಮೇಲೊಂದು ದಿನ ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದಾಗ ತಿಳಿಯಿತು: ನನಗೆ ಸಿಗುತ್ತಿದ್ದುದು ಬರಿಯ 30ರ ಹಣ, ಆದರೆ ಕಾನೂನಿನ ಪ್ರಕಾರ ಆ 30ಕ್ಕೇ 50ರ ಹಣ ಬರಬೇಕಿತ್ತು. ನಾನು ಹೋರಾಡುತ್ತಿದ್ದ 40 ಸಿಕ್ಕಿದ್ದರೂ, ಕೇಳದೆ ಬಿಟ್ಟಿದ್ದ ಹಕ್ಕಿಗಿಂತ ಕಡಿಮೆಯೇ ಆಗುತ್ತಿತ್ತು.

ಹೀಗಾಗಿ ಹಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಿಸೆಬಿಲಿಟಿ ಪೆನ್ಷನ್‌ನಲ್ಲಿ ಎರಡು ಭಾಗಗಳಿವೆ: ಸೇವೆಗೆ ಸಲ್ಲುವ ಸರ್ವಿಸ್ ಎಲಿಮೆಂಟ್ ಮತ್ತು ವೈಕಲ್ಯಕ್ಕೆ ಸಲ್ಲುವ ಡಿಸೆಬಿಲಿಟಿ ಎಲಿಮೆಂಟ್. ನೂರಕ್ಕೆ ನೂರು ವೈಕಲ್ಯವಿದ್ದರೆ ಎರಡನೆಯ ಭಾಗವು ಕೊನೆಯ ವೇತನದ ಶೇ. 30ರಷ್ಟು, ಕಡಿಮೆ ವೈಕಲ್ಯಕ್ಕೆ ಅದೇ ಅನುಪಾತದಲ್ಲಿ ಕಡಿಮೆ. ಲೆಕ್ಕಕ್ಕೆ ಹಿಡಿಯುವ ವೇತನ 40,000 ರೂಪಾಯಿ ಎಂದುಕೊಂಡರೆ, 100ಕ್ಕೆ 12,000, 40ಕ್ಕೆ 4,800, 30ಕ್ಕೆ 3,600 ರೂಪಾಯಿ, ಅದರ ಮೇಲೆ ತುಟ್ಟಿ ಪರಿಹಾರ. ಆದರೆ ಐದನೆಯ ವೇತನ ಆಯೋಗದ ನಂತರ, 1996ರ ಜನವರಿ 1ರಿಂದ ಜಾರಿಯಾದ ಬ್ರಾಡ್ ಬ್ಯಾಂಡಿಂಗ್ ವ್ಯವಸ್ಥೆಯಲ್ಲಿ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ ಮೇಲಿನದನ್ನು 100 ಎಂದೂ ಪರಿಗಣಿಸಬೇಕು. ಆಗ 30 ಇದ್ದವರಿಗೂ 40 ಇದ್ದವರಿಗೂ ಸಿಗುವುದು ಒಂದೇ 6,000 ರೂಪಾಯಿ. 40 ಇದ್ದದ್ದು 50 ಆದರೆ ಮಾತ್ರ ಅದು 9,000ಕ್ಕೆ ಏರುತ್ತದೆ.

ಸರ್ಕಾರ ಈ ಸೌಲಭ್ಯವನ್ನು ಮೊದಲು ವೈಕಲ್ಯದ ಕಾರಣಕ್ಕೆ ಅವಧಿಗೆ ಮೊದಲೇ ಹೊರಹಾಕಲ್ಪಟ್ಟವರಿಗೆ ಮಾತ್ರ ಕೊಟ್ಟಿತ್ತು. ಅವಧಿ ಮುಗಿಸಿ ನಿವೃತ್ತರಾದ ನನ್ನಂಥವರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಹಾಗಿದ್ದೂ ಅನೇಕರು ಇದನ್ನು ಪಡೆಯಲು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ಆದ್ದರಿಂದ ಬಂದವರ ಕೈಯಿಂದ ನಾನು ಮೊದಲು ತೆಗೆದುಕೊಳ್ಳುವುದು ಪಿ.ಪಿ.ಒ.ವನ್ನು, ನಿರಾಕರಣೆಯ ಪತ್ರವನ್ನು ಆಮೇಲೆ ಓದುತ್ತೇನೆ. ಅದರಲ್ಲಿ ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸಿಲ್ಲದಿದ್ದರೆ ವೈದ್ಯರೊಡನೆ ವಾದಿಸುವ ಅಗತ್ಯವೇ ಇರುವುದಿಲ್ಲ. ಇರುವ ಪ್ರಮಾಣದ ಮೇಲೆಯೇ ಬ್ರಾಡ್ ಬ್ಯಾಂಡಿಂಗ್ ಕೇಳಿ ಬರೆಯುವುದು ಸರಿಯಾದ ದಾರಿ. ಈ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ, ಸುಮ್ಮನಿರಬೇಡಿ ಎಂದು ಒತ್ತಿ ಹೇಳುತ್ತೇನೆ.

ಈಗಾಗಲೇ 50ರ ಹಣ ಪಡೆಯುತ್ತಿರುವವರ ಅಪೀಲಿನ ವಿಚಾರ ಬೇರೆ. ಅವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು, ದೇಹಸ್ಥಿತಿ ನಿಜವಾಗಿ ಮುಂದಿನ ಹಂತವನ್ನು ದಾಟುವಷ್ಟು ಕೆಟ್ಟಿದೆಯೇ ಎಂಬುದನ್ನು. 20ರಿಂದ 30ಕ್ಕೆ ಏರಿಸಿಕೊಳ್ಳಲು ಪಡುವ ಶ್ರಮದಿಂದ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಅಲ್ಲದೆ ನಾವೇ ಕೇಳಿಕೊಂಡ ಬೋರ್ಡು ಪ್ರಮಾಣವನ್ನು ಇಳಿಸಲೂಬಹುದು. ಇಂಥ ವೈಕಲ್ಯಕ್ಕೆ ಹಣ ಸಲ್ಲಬೇಕಾದರೆ ಕನಿಷ್ಠ 20 ಇರಲೇಬೇಕು ಎಂಬುದನ್ನು ಮರೆಯಬಾರದು. ಶಾಶ್ವತ ವೈಕಲ್ಯವೆಂದು ಒಮ್ಮೆ ಬರೆದ ಮೇಲೆ, ಪಿಂಚಣಿದಾರನೇ ಕೇಳದ ಹೊರತು ಮತ್ತೆ ಮತ್ತೆ ಪರೀಕ್ಷೆಗೆ ಕರೆಯುವ ಪದ್ಧತಿಯನ್ನು 2001ರಲ್ಲಿ ರಕ್ಷಣಾ ಸಚಿವಾಲಯ ನಿಲ್ಲಿಸಿದೆ. ಅಂದರೆ ಮುಚ್ಚಿದ ಕಡತವನ್ನು ತೆರೆಯುವವರು ನಾವೇ. ತೆರೆಯುವ ಮೊದಲು ಒಂದು ವಾರ ಯೋಚಿಸುವುದರಲ್ಲಿ ತಪ್ಪಿಲ್ಲ.

ಯೋಚಿಸಿದ ಮೇಲೂ ಹೋಗುವುದೇ ಸರಿ ಎನಿಸಿದರೆ, ಬೋರ್ಡಿನ ಪೂರ್ಣ ನಡಾವಳಿಯನ್ನು ತರಿಸಿಕೊಳ್ಳದೆ ಒಂದು ಸಾಲನ್ನೂ ಬರೆಯಬಾರದು. ನಮಗೆ ಬರುವ ಪತ್ರದಲ್ಲಿ ತೀರ್ಮಾನ ಮಾತ್ರ ಇರುತ್ತದೆ. ಯಾವ ಪರೀಕ್ಷೆ ಮಾಡಿದರು, ಕಾಲು ಎಷ್ಟು ಮಡಚುತ್ತದೆ ಎಂದು ಬರೆದರು, ತಜ್ಞರ ಅಭಿಪ್ರಾಯವೇನು ಎಂಬುದೆಲ್ಲ ನಡಾವಳಿಯಲ್ಲಿರುತ್ತದೆ. ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದೊಡನೆ ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಮದ್ರಾಸ್ ಸ್ಯಾಪರ್ಸ್‌ನವರಿಗೆ ಆ ಕಚೇರಿ ಬೆಂಗಳೂರಿನಲ್ಲೇ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿದೆ. ಉಳಿದವರು ತಮ್ಮ ಡಿಸ್ಚಾರ್ಜ್ ಬುಕ್ಕಿನಲ್ಲಿರುವ ವಿಳಾಸಕ್ಕೆ ಬರೆಯಬೇಕು. ನಡಾವಳಿ ಕೈಗೆ ಬಂದ ಮೇಲೆ ಅದನ್ನು ನಿಮ್ಮ ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚೀಟಿಗಳು, ಎಂ.ಆರ್.ಐ. ವರದಿ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶಗಳ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿ. ‘ನನಗೆ ತುಂಬಾ ನೋವಿದೆ’ ಎಂಬ ವಾಕ್ಯ ಎಷ್ಟೇ ಸತ್ಯವಾಗಿದ್ದರೂ ಅಪೀಲಿನಲ್ಲಿ ತೂಕ ಪಡೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ವರದಿಯನ್ನು ಬೋರ್ಡಿನ ಮುಂದೆ ಇಟ್ಟಿದ್ದರೂ ನಡಾವಳಿಯಲ್ಲಿ ಅದರ ಪ್ರಸ್ತಾಪವೇ ಇಲ್ಲ ಎಂಬ ವಾಕ್ಯಕ್ಕೆ ತೂಕವಿದೆ. ಇನ್ನೊಂದು ಮಾತು: ಬೋರ್ಡಿನ ಮುಂದೆ ನಮ್ಮವರು ಸಿಪಾಯಿಯ ಅಭ್ಯಾಸದಿಂದ ಎದೆ ಸೆಟೆದು ನಿಂತು ‘ಠೀಕ್ ಹೈ ಸರ್’ ಎನ್ನುತ್ತಾರೆ. ನೋವನ್ನು ನುಂಗಿಕೊಳ್ಳುವುದನ್ನೇ ಇಡೀ ಆಯುಷ್ಯ ಕಲಿತವರಿಗೆ ಅದನ್ನು ಇದ್ದಷ್ಟೇ, ಕೂಡಿಸದೆ ಕಳೆಯದೆ ಹೇಳಿ ಎಂದರೆ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಕಂಡು ನನ್ನ ಹೊಟ್ಟೆ ಉರಿದಿದೆ.

ಹೊಸ ಕಾಯಿಲೆಗೆ ಸೇವೆಯೊಡನೆ ಸಂಬಂಧವಿಲ್ಲ, ಅಂದರೆ ನಾವು ‘ಎನ್.ಎ.ಎನ್.ಎ.’ ಎಂದು ಕರೆಯುವ ಷರಾ ಬಂದಿದ್ದರೆ, ಕಾನೂನಿನ ಬೆಂಬಲ ಸಾಕಷ್ಟಿದೆ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ ಸೇರಿ, 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಹೊರಬಂದಿದ್ದರು. ಅದು ಹುಟ್ಟಿನಿಂದ ಬಂದ ದೋಷ ಎಂಬ ಅರ್ಥದಲ್ಲಿ ಬೋರ್ಡು ಬರೆದು ಕೈತೊಳೆದುಕೊಂಡಿತ್ತು. ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯನ್ನೂ ಬರೆಯದಿದ್ದ ಮೇಲೆ ಆತ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು, ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು, ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2015ರ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಆದರೂ ಇದನ್ನು ಎಲ್ಲ ಬೀಗಕ್ಕೂ ಹೊಂದುವ ಕೀಲಿ ಎಂದು ತಿಳಿಯಬಾರದು. 2019ರ ನರ್ಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟು ಅರ್ಜಿದಾರರ ವಿರುದ್ಧ ತೀರ್ಪಿತ್ತಿದೆ. ನಿವೃತ್ತಿಯಾಗಿ ಹಲವು ವರ್ಷಗಳ ನಂತರ ಬಂದ ಸಕ್ಕರೆ ಕಾಯಿಲೆಯನ್ನು ಸೇವೆಗೆ ಜೋಡಿಸಲು ಸೇವಾಕಾಲದ ಒಂದು ಚೀಟಿಯೂ ಇಲ್ಲದಿದ್ದರೆ, ನಾನು ಆ ಅಪೀಲನ್ನು ಬರೆದುಕೊಡುವುದಿಲ್ಲ. ಬೇಡ ಎಂದು ಮುಖಕ್ಕೆ ಹೇಳಿ ಕಳುಹಿಸುತ್ತೇನೆ.

ಹಾದಿ ಹೀಗಿದೆ: ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಅಪೀಲು, ಅದೂ ತಿರಸ್ಕೃತವಾದರೆ ಎರಡನೆಯದು, ಅದರ ನಂತರ 2007ರ ಕಾಯಿದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಅಪೀಲಿಗೆ ಆರು ತಿಂಗಳಾದರೂ ಉತ್ತರವೇ ಬಾರದಿದ್ದರೆ ಕಾಯುತ್ತ ಕೂರಬೇಕಿಲ್ಲ, ಹೋಗಬಹುದು. ಅಲ್ಲಿಯೂ ನ್ಯಾಯಾಧೀಶರೇ 40ನ್ನು 60 ಎಂದು ತಿದ್ದಿಕೊಡುತ್ತಾರೆಂದು ನಿರೀಕ್ಷಿಸಬಾರದು. ವೈದ್ಯಕೀಯ ಪ್ರಮಾಣದ ವಿವಾದದಲ್ಲಿ ಹೆಚ್ಚೆಂದರೆ ಹೊಸ ಬೋರ್ಡು ನಡೆಸಿ ಎಂಬ ಆದೇಶ ಸಿಗುತ್ತದೆ. ಬ್ರಾಡ್ ಬ್ಯಾಂಡಿಂಗ್ ಮತ್ತು ಎನ್.ಎ.ಎನ್.ಎ. ಪ್ರಕರಣಗಳು ಕಾನೂನಿನ ಪ್ರಶ್ನೆಗಳಾದ್ದರಿಂದ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ.

ಗಡುವು ಮೀರಿತು ಎಂದು ಕೈಚೆಲ್ಲಿದವರಿಗೆ ತರ್ಸೇಮ್ ಸಿಂಗ್ ಪ್ರಕರಣವನ್ನು ಹೇಳುತ್ತೇನೆ. 1983ರಲ್ಲಿ ಹೊರಬಂದ ಅವರು ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಿಂಗಳು ತಿಂಗಳೂ ಮುಂದುವರಿಯುವ ಹಕ್ಕಾದ್ದರಿಂದ ವಿಳಂಬವೊಂದರಿಂದಲೇ ಅದು ಸಾಯುವುದಿಲ್ಲ, ಆದರೆ ಬಾಕಿ ಹಣ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಗಳಿಗೆ ಮಾತ್ರ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಹೀಗಾಗಿ ತಡಮಾಡಿದವರಿಗೂ ದಾರಿಯಿದೆ, ತಡಮಾಡಿದಷ್ಟೂ ಬಾಕಿ ಕರಗುತ್ತದೆ.

ವಕೀಲರ ಬಗ್ಗೆ: ಎರಡು ಅಪೀಲುಗಳವರೆಗೆ ಅವರ ಅಗತ್ಯವಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಅರ್ಜಿ ಬರೆಯಲು ನೆರವು ಕೇಳಬಹುದು. ಬಾಕಿ ಹಣದಲ್ಲಿ ಪಾಲು ಕೊಡಿ, ಪರ್ಸೆಂಟೇಜ್ ಹೆಚ್ಚಿಸಿಕೊಡುತ್ತೇವೆ ಎಂದು ಫೋನು ಮಾಡುವವರಿಗೆ ಪಿ.ಪಿ.ಒ. ಸಂಖ್ಯೆಯನ್ನಾಗಲಿ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನ ಪಾಸ್‌ವರ್ಡನ್ನಾಗಲಿ ಕೊಡಬೇಡಿ.

ಕೊನೆಯದಾಗಿ, ನನ್ನ ಬಳಿ ಬರುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಪ್ರಕರಣ ನಡೆಯುತ್ತಿರುವಾಗಲೇ ಯಜಮಾನರು ತೀರಿಕೊಂಡರೆ, ಅವರು ಬದುಕಿದ್ದ ದಿನದವರೆಗಿನ ಬಾಕಿಗಾಗಿ ಹೆಂಡತಿ ಅದನ್ನು ಮುಂದುವರಿಸಬಹುದು. ಕಳೆದ ವರ್ಷ ಒಬ್ಬ ತಾಯಿ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಸೀರೆಯ ಗಂಟಿನಲ್ಲಿ ತಂದು ನನ್ನ ಮುಂದೆ ಸುರಿದರು. ಗಂಡ ಅಪೀಲು ಹಾಕಿದ್ದು ಅವರಿಗೆ ಗೊತ್ತಿತ್ತು, ಯಾವುದು ಅಪೀಲು ಎಂಬುದು ಗೊತ್ತಿರಲಿಲ್ಲ. ಇಬ್ಬರೂ ಕುಳಿತು ಸಂಜೆಯವರೆಗೆ ಹುಡುಕಿದಾಗ ಒಂದು ಹಳೆಯ ಔಷಧ ಚೀಟಿಯ ನಡುವೆ ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಸಿಕ್ಕಿತು. ಆ ರಸೀದಿಯ ತಾರೀಖಿನ ಆಧಾರದ ಮೇಲೆಯೇ ಈಗ ಅವರ ಅರ್ಜಿ ನಡೆಯುತ್ತಿದೆ.