ಹೆಬ್ಬೆಟ್ಟಿಗೆ ಸಾಕ್ಷಿ ಬೇಕು

ಹತ್ತಿ ಬಿಡಿಸುವ ಕಾಲ ಬಂತೆಂದರೆ ನನ್ನ ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಅಕ್ಷರಗಳು ಹೆಚ್ಚಾಗುತ್ತವೆ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹನ್ನೊಂದು ವರ್ಷಗಳಿಂದ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುತ್ತಿದ್ದೇನೆ. ಪಹಣಿ ತೆಗೆದುಕೊಡುತ್ತೇನೆ, ಬೆಳೆವಿಮೆ ತುಂಬುತ್ತೇನೆ, ಬೆರಳಚ್ಚು ಪಡೆದು ಖಾತೆಯಿಂದ ಹಣವನ್ನೂ ಕೊಡುತ್ತೇನೆ. ಮುಂಗಾರಿನ ನಾಟಿ ಮುಗಿದ ಹದಿನೈದು ದಿನ, ಮತ್ತೆ ಹತ್ತಿ ಬಿಡಿಸುವ ಎರಡು ಮೂರು ತಿಂಗಳು, ಈ ಕೊನೆಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಣ ಖಾತೆಯಲ್ಲಿದೆ, ಹಣದ ಒಡತಿ ಎದುರಿಗೆ ಕುಳಿತಿದ್ದಾಳೆ, ಆದರೆ ‘ತಂಬ್’ ಹತ್ತುವುದಿಲ್ಲ.

ಕಳೆದ ವಾರ ಬಂದವರು ಹುಲಿಗೆಮ್ಮ. ಅವರ ನಿಜವಾದ ಹೆಸರು ಇದಲ್ಲ. ಅವರ ಕಥೆ ಬರೆಯಲು ಅವರನ್ನು ಕೇಳಿಯೇ ಕುಳಿತಿದ್ದೇನೆ. ಎಡದಂಡೆ ಕಾಲುವೆಯ ನೀರು ಸರಿಯಾಗಿ ತಲುಪದ ಕೊನೆ ಭಾಗದ ಹಳ್ಳಿ ಅವರದು. ಮೆಟ್ಟಿಲು ಹತ್ತುವಾಗಲೇ ಸೆರಗಿನ ತುದಿಗೆ ಹೆಬ್ಬೆಟ್ಟು ಉಜ್ಜಿಕೊಳ್ಳುತ್ತಿದ್ದರು. ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಬೇಕಿತ್ತು. ಮೊದಲು ಬಲ ಹೆಬ್ಬೆಟ್ಟು, ಆಮೇಲೆ ಎಡ, ಆಮೇಲೆ ತೋರುಬೆರಳು. ಬಟ್ಟೆ ಒದ್ದೆ ಮಾಡಿ ಒರೆಸಿದೆ. ಕೊಬ್ಬರಿ ಎಣ್ಣೆ ಒಂದು ಹನಿ ಹಚ್ಚಿದೆ. ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಗಾಜಿನ ಮೇಲೆ ಮೆಲ್ಲಗೆ ಒತ್ತಿದಾಗ ಅದರ ಗತಿ ನನಗೆ ತಿಳಿಯಿತು. ಹೆಬ್ಬೆಟ್ಟಿನ ತುದಿ ಹಳೆಯ ನಾಣ್ಯದ ಹಾಗೆ ನುಣುಪು. ಅದರ ಅಂಚಿನಲ್ಲಿ, ಉಗುರಿನ ಕೆಳಗೆ, ಹತ್ತಿಕಾಯಿಯ ಒಣಗಿದ ಮೊನೆಗಳು ಗೀರಿದ ಏಳೆಂಟು ಸಣ್ಣ ಗಾಯಗಳು. ಕೆಲವು ಮಾಗಿ ಕಪ್ಪಾಗಿವೆ, ಎರಡು ಹಸಿ. ನಡುವೆ ಒಂದು ಉದ್ದನೆಯ ಬಿರುಕು, ಅದರೊಳಗೆ ಎರೆಮಣ್ಣಿನ ಗೆರೆ. ಯಂತ್ರ ಓದಬೇಕಾದ ಗೆರೆ ಮಾತ್ರ ಅಲ್ಲಿರಲಿಲ್ಲ.

ಹತ್ತೂ ಬೆರಳು ಆದವು. ಪ್ರತಿ ಸಲವೂ ಪರದೆಯ ಮೇಲೆ 300. ಅವರಿಗೆ ಓದು ಬಾರದು, ಅಂಕಿ ಗೊತ್ತು. “ಮೂರು ನೂರಾದರೂ ಬಂತಲ್ಲ ತಂಗಿ, ಅಷ್ಟನ್ನೇ ಕೊಡು” ಎಂದರು.

ಅಂದು ಸಂಜೆ ಬಾಗಿಲು ಹಾಕುವ ತನಕ ಆ ಮಾತು ನನ್ನ ಎದೆಯಲ್ಲಿ ಕುಟ್ಟುತ್ತಲೇ ಇತ್ತು. 300 ಎಂದರೆ ಆಧಾರ್ ವ್ಯವಸ್ಥೆಯ ಭಾಷೆಯಲ್ಲಿ ‘ಬೆರಳಚ್ಚು ಹೊಂದಾಣಿಕೆಯಾಗಲಿಲ್ಲ’ ಎಂದರ್ಥ. ಆಕೆ ಹುಲಿಗೆಮ್ಮ ಅಲ್ಲ ಎಂದು ಯಂತ್ರ ಹೇಳಿಲ್ಲ. ಹಾಗೆ ಹೇಳುವ ಶಕ್ತಿಯೇ ಅದಕ್ಕಿಲ್ಲ. ಎರಡು ಅಚ್ಚುಗಳು ಎಷ್ಟು ಹೋಲುತ್ತವೆ ಎಂದು ಅದು ಅಂಕ ಹಾಕುತ್ತದೆ, ಯಾರೋ ಮೊದಲೇ ನಿಗದಿ ಮಾಡಿಟ್ಟ ಮಿತಿಗಿಂತ ಆ ಅಂಕ ಕಡಿಮೆಯಾದರೆ ಬಾಗಿಲು ಮುಚ್ಚುತ್ತದೆ. ಮಿತಿ ಏರಿಸಿದರೆ ಕಳ್ಳರು ಕಡಿಮೆ ನುಸುಳುತ್ತಾರೆ, ಹುಲಿಗೆಮ್ಮನಂಥವರು ಹೆಚ್ಚು ಹೊರಗುಳಿಯುತ್ತಾರೆ, ಇಳಿಸಿದರೆ ತಿರುಗುಮುರುಗು. ಎರಡೂ ತಪ್ಪುಗಳನ್ನು ಸೊನ್ನೆ ಮಾಡುವ ಮಿತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಇದು ವಿಜ್ಞಾನದ ಅಆಇಈ. ಆದರೂ ನಮ್ಮಲ್ಲಿ ಆ ಅಂಕವನ್ನು ತೀರ್ಪಿನಂತೆ ನಡೆಸಿಕೊಳ್ಳುತ್ತೇವೆ.

ಯಂತ್ರದ ಕೆಲಸ ಸರಳವಾದದ್ದು. ಗಾಜಿನ ಕೆಳಗಿನಿಂದ ಬೆಳಕು ಬರುತ್ತದೆ. ಚರ್ಮದ ಏರು ಗಾಜಿಗೆ ತಾಗಿದ ಕಡೆ ಬೆಳಕು ಹಿಂತಿರುಗುವುದಿಲ್ಲ, ತಗ್ಗು ಇರುವ ಕಡೆ ತಿರುಗಿ ಬರುತ್ತದೆ. ಹೀಗೆ ಕಪ್ಪು ಬಿಳುಪಿನ ಗೆರೆಗಳ ಚಿತ್ರ ಮೂಡುತ್ತದೆ. ಏರುತಗ್ಗೇ ಸವೆದ ಬೆರಳಿನಲ್ಲಿ ಎಲ್ಲವೂ ಒಂದೇ ಮಸುಕು. ಒಣಗಿದ ಚರ್ಮ ಗಾಜಿಗೆ ಸರಿಯಾಗಿ ಅಂಟುವುದೇ ಇಲ್ಲ. ನಾವು ಒದ್ದೆ ಬಟ್ಟೆಯಿಂದ ಒರೆಸುವುದು ಅದಕ್ಕೇ. ಗಾರೆ ಕೆಲಸದವರ ಕೈಯನ್ನು ಸಿಮೆಂಟ್ ತಿನ್ನುತ್ತದೆ, ಮುಸುರೆ ತಿಕ್ಕುವವರ ಕೈಯನ್ನು ಸೋಪಿನ ಪುಡಿ ತಿನ್ನುತ್ತದೆ, ನಾಟಿಯವರ ಕೈ ದಿನಗಟ್ಟಲೆ ಕೆಸರಿನಲ್ಲಿ ನೆನೆದು ಸುಕ್ಕಾಗುತ್ತದೆ. ಒಂದು ಸಮಾಧಾನದ ಮಾತೂ ಇದೆ: ಈ ಗೆರೆಗಳ ವಿನ್ಯಾಸ ತಾಯಿಯ ಗರ್ಭದಲ್ಲೇ ಚರ್ಮದ ಒಳಪದರದಲ್ಲಿ ಕೂತುಬಿಟ್ಟಿರುತ್ತದೆ. ಮೇಲ್ಪದರ ಸವೆದರೂ ಕೈಗೆ ಕೆಲವು ವಾರ ಬಿಡುವು ಕೊಟ್ಟರೆ ಅದೇ ಗೆರೆಗಳು ಮತ್ತೆ ಮೇಲೆ ಬರುತ್ತವೆ. ಆದರೆ ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸಿ ಉಣ್ಣುವವರ ಕೈಗೆ ಆ ಬಿಡುವನ್ನು ಕೊಡುವವರು ಯಾರು?

ಬೆರಳಚ್ಚಿನ ಇತಿಹಾಸ ಓದಿದಾಗ ನನಗೆ ಆಶ್ಚರ್ಯವಾಯಿತು, ಅದು ಹುಟ್ಟಿದ್ದೇ ನಮ್ಮ ನೆಲದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಕಂಪನಿ ಅಧಿಕಾರಿ ರಸ್ತೆಯ ಸಾಮಗ್ರಿ ಪೂರೈಸುವ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ನಾಳೆ ಈ ಮನುಷ್ಯ ‘ಇದು ನನ್ನ ಸಹಿ ಅಲ್ಲ’ ಎನ್ನಬಾರದು ಎಂಬುದು ಉದ್ದೇಶ. 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಕಲ್ಕತ್ತೆಯಲ್ಲಿ ತೆರೆಯಿತು. ಅಚ್ಚುಗಳನ್ನು ವಿಂಗಡಿಸುವ ವಿಧಾನ ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದರು, ಹೆಸರು ಬಂದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಆಳುವವರಿಗೆ ಆಳಿಸಿಕೊಳ್ಳುವವರ ಮಾತಿನಲ್ಲಿ ನಂಬಿಕೆ ಇಲ್ಲದಾಗ ಹುಟ್ಟಿದ ವಿದ್ಯೆ ಇದು. ಆ ಅಪನಂಬಿಕೆಯ ವಾಸನೆ ಇಂದಿಗೂ ಅದಕ್ಕೆ ಅಂಟಿಕೊಂಡಿದೆ ಎಂಬುದು ನನ್ನ ಅನಿಸಿಕೆ.

ಹಾಗಿದ್ದೂ ಹಿಂದಿನವರು ಹೆಬ್ಬೆಟ್ಟೊಂದನ್ನೇ ನೆಚ್ಚಿ ಕೂರಲಿಲ್ಲ. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಸಾಲಪತ್ರ ಇದೆ. ಕೆಳಗೆ ನೀಲಿ ಮಸಿಯ ಹೆಬ್ಬೆಟ್ಟು, ಅರ್ಧ ಕದಡಿದೆ. ಅದರ ಸುತ್ತ ಪತ್ರ ಬರೆದವರ ಕೈಬರಹ: ‘ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು.’ ಪಕ್ಕದಲ್ಲಿ ‘ಸಾಕ್ಷಿಗಳು’ ಎಂದು ಬರೆದು ಇಬ್ಬರ ಸಹಿ. ಗುರುತು ಅಳಿಸಿಹೋದರೂ ಸಾಲ ಅಳಿಯುತ್ತಿರಲಿಲ್ಲ, ಏಕೆಂದರೆ ಅಜ್ಜನನ್ನು ಬಲ್ಲ ಇಬ್ಬರು ತಮ್ಮ ಹೆಸರನ್ನು ಒತ್ತೆ ಇಟ್ಟಿದ್ದರು. ಈ ಪದ್ಧತಿ ಸತ್ತಿಲ್ಲ. ಸಹಿ ಮಾಡಲಾಗದ ವೃದ್ಧರು, ಕಾಯಿಲೆಯವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಾಗ ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಕಾಗದದ ಹೆಬ್ಬೆಟ್ಟಿಗೆ ಇಬ್ಬರು ಮನುಷ್ಯರ ಆಸರೆ. ಗಾಜಿನ ಮೇಲಿನ ಹೆಬ್ಬೆಟ್ಟಿಗೆ ಒಬ್ಬರೂ ಇಲ್ಲ. ನಾನು ಅಲ್ಲೇ ಕುಳಿತಿದ್ದೇನೆ, ಹುಲಿಗೆಮ್ಮನನ್ನು ಒಂಬತ್ತು ವರ್ಷಗಳಿಂದ ಬಲ್ಲೆ, ಅವರ ಮಗಳ ಮದುವೆಗೆ ಹೋಗಿ ಉಂಡು ಬಂದಿದ್ದೇನೆ. ಆದರೆ ‘ಈಕೆಯನ್ನು ನಾನು ಬಲ್ಲೆ’ ಎಂದು ಬರೆಯಲು ಪರದೆಯ ಮೇಲೆ ಒಂದು ಖಾನೆ ಇಲ್ಲ.

ಇನ್ನೊಂದು ಕಡೆ, ಇದೇ ಬೆರಳಚ್ಚು ಕಳ್ಳರಿಗೆ ಸುಲಭವಾಗಿ ಸಿಕ್ಕಿತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಜನರ ಖಾತೆಗಳಿಂದ ಹಣ ಎಳೆದ ಸುದ್ದಿ ಸಾಲುಸಾಲಾಗಿ ಬಂತು. ಈ ಬಗೆಯ ಪಾವತಿಗೆ ಒಟಿಪಿ ಬೇಕಿಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇದ್ದರೆ ಸಾಕು. ಗುಪ್ತಪದ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಕಳುವಾದರೆ ಏನು ಬದಲಿಸುವುದು? ಆ ಸುದ್ದಿ ಓದಿದ ನನ್ನ ದೊಡ್ಡಪ್ಪ ಮರುದಿನವೇ ಬಂದು ಬಯೋಮೆಟ್ರಿಕ್ ಲಾಕ್ ಮಾಡಿಸಿಕೊಂಡರು. ಅವರು ಮಾಡಿದ್ದು ಸರಿ, ಓದುವವರೆಲ್ಲರೂ ಮಾಡಿಸಿಕೊಳ್ಳಿ ಎಂದೇ ಹೇಳುತ್ತೇನೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅವರ ಮೊಬೈಲ್ ಆ್ಯಪ್‌ನಲ್ಲಿ ಐದು ನಿಮಿಷದ ಕೆಲಸ. ಆದರೆ ಲಾಕ್ ಮಾಡಿದ ಮೇಲೆ ಎಲ್ಲಿ ಬೆರಳಿಟ್ಟರೂ 330 ಎಂದು ಬರುತ್ತದೆ. ಪ್ರತಿ ಸಲ ಮೊಬೈಲ್ ತೆಗೆದು ತೆರೆದು, ಕೆಲಸ ಮುಗಿಸಿ, ಮತ್ತೆ ಮುಚ್ಚಬೇಕು. ದೊಡ್ಡಪ್ಪನಿಗೆ ಮೊಮ್ಮಗ ಇದ್ದಾನೆ. ಹುಲಿಗೆಮ್ಮನ ಬಳಿ ಇರುವುದು ಗುಂಡಿಯೊತ್ತುವ ಮೊಬೈಲ್, ಅದೂ ಮಗನ ಹೆಸರಿನಲ್ಲಿ.

ಇಷ್ಟೆಲ್ಲ ಅನುಭವ ಕಣ್ಣೆದುರಿಗೆ ಇರುವಾಗ ಸರ್ಕಾರ ಈಗ ಬೆರಳಿನಿಂದ ಮುಖಕ್ಕೆ ಬಂದಿದೆ. 2025ರ ಜುಲೈ 1ರಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಪಡೆಯಲು ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಮುಖ ಗುರುತಿಸುವಿಕೆ ಕಡ್ಡಾಯ. ಗರ್ಭಿಣಿ, ಬಾಣಂತಿ, ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳ ತಾಯಂದಿರು ಇದಕ್ಕೆ ಮುಖ ಕೊಡಬೇಕು. ನನ್ನ ತಂಗಿಯ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಅವಳ ಜೊತೆಗೆ ಅಂಗನವಾಡಿಗೆ ಹೋಗಿದ್ದೆ. ಒಳಗೆ ಕತ್ತಲೆ ಎಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಅಲ್ಲಿ ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಮುಖದ ಮೇಲೆ ಚುಕ್ಕೆಚುಕ್ಕೆ. ‘ಕಣ್ಣು ಮಿಟುಕಿಸಿ’ ಎಂದು ಆ್ಯಪ್ ಕೇಳುತ್ತದೆ. ಆಕೆ ಮಿಟುಕಿಸುತ್ತಾಳೆ, ತೋಳಲ್ಲಿದ್ದ ಕೂಸು ಮೊಬೈಲಿಗೆ ಕೈ ಹಾಕುತ್ತದೆ, ಚಿತ್ರ ಅಲುಗುತ್ತದೆ, ಮತ್ತೆ ಮೊದಲಿನಿಂದ. ಆಧಾರ್‌ನಲ್ಲಿದ್ದದ್ದು ಶಾಲೆಗೆ ಹೋಗುವ ವಯಸ್ಸಿನ ಚಿತ್ರ. ಈಗ ಹೆತ್ತು ಬಾಡಿದ ಮುಖ. ಆರನೇ ಸಲಕ್ಕೆ ಹೊಂದಿತು. ಅಂಗನವಾಡಿಯ ಮೇಡಂ ಈ ಹುಡುಗಿಯನ್ನು ಲಂಗದಾವಣಿಯ ಕಾಲದಿಂದ ಬಲ್ಲವರು. ಅವರ ಮುಖದಲ್ಲಿ ಕಂಡ ನಾಚಿಕೆ ನನ್ನನ್ನು ಹೆಚ್ಚು ಕಾಡಿತು. ಬಲ್ಲವಳನ್ನು ಬಲ್ಲೆ ಎನ್ನುವ ಅಧಿಕಾರವನ್ನು ಅವರಿಂದ ಕಿತ್ತುಕೊಳ್ಳಲಾಗಿತ್ತು.

ಮುಖ ಬೆರಳಿಗಿಂತ ಮೇಲು ಎನ್ನುವವರು 2019ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ ಹೊರತಂದ ವರದಿಯನ್ನು ನೋಡಬೇಕು. 189 ಮುಖ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ತಪ್ಪು ಜನಾಂಗದಿಂದ ಜನಾಂಗಕ್ಕೆ ಬಹಳ ಬದಲಾಗುವುದು ಕಂಡುಬಂತು. ಪುರುಷರಿಗಿಂತ ಮಹಿಳೆಯರಲ್ಲಿ, ನಡುವಯಸ್ಸಿನವರಿಗಿಂತ ವೃದ್ಧರಲ್ಲಿ ಮತ್ತು ಮಕ್ಕಳಲ್ಲಿ ಅದು ಹೆಚ್ಚಿತ್ತು. ಅಂಗನವಾಡಿಗೆ ಬರುವವರು ಯಾರು ಎಂದು ಒಮ್ಮೆ ನೆನೆಯಿರಿ.

ಯಂತ್ರ ಇಲ್ಲದಿದ್ದಾಗ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಸತ್ತವರ ಹೆಸರಿನಲ್ಲಿ ಅಕ್ಕಿ ಬರೆದುಕೊಂಡ ವಹಿಗಳನ್ನು ನಾವೆಲ್ಲ ಬಲ್ಲೆವು. ನಕಲಿ ಚೀಟಿಗಳಿದ್ದದ್ದು ನಿಜ. ಯಂತ್ರದ ‘ಹೌದು’ ಎಂಬುದನ್ನು ನಾನು ಸ್ವಾಗತಿಸುತ್ತೇನೆ. ಅದರ ‘ಇಲ್ಲ’ ಎಂಬುದು ಕೊನೆಯ ಮಾತಾಗಕೂಡದು ಎಂಬುದಷ್ಟೇ ನನ್ನ ಹಟ. ಇದು ನಾನೊಬ್ಬಳೇ ಹೇಳುವ ಮಾತಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್‌ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಆಕೆಯ ಮನೆಯ ಪಡಿತರ ಚೀಟಿ ಆಧಾರ್‌ಗೆ ಜೋಡಣೆಯಾಗದೆ ರದ್ದಾಗಿತ್ತು. ಮರುತಿಂಗಳು ಕೇಂದ್ರದ ಆಹಾರ ಇಲಾಖೆಯೇ ಸುತ್ತೋಲೆ ಕಳಿಸಿತು: ಆಧಾರ್ ಇಲ್ಲವೆಂದೋ ದೃಢೀಕರಣ ಆಗಲಿಲ್ಲವೆಂದೋ ಪಡಿತರ ನಿರಾಕರಿಸಬಾರದು. 2018ರಲ್ಲಿ ಆಧಾರ್ ಕಾಯ್ದೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಕೂಡ ಬೆರಳು ಹೊಂದದವರಿಗೆ ಬೇರೆ ದಾರಿ ಇರಬೇಕು ಎಂದಿತು. ಆ ಹೋರಾಟಕ್ಕೆ ಮೊದಲ ಹೆಜ್ಜೆ ಇಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಅವರ ಹೆಸರಿನ ಪ್ರಕರಣದಲ್ಲಿಯೇ.

ಹೊಸ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಅಂಗಡಿಯಲ್ಲಿ ಕೂತು ಓದಿದೆ. ಸಹಾಯಧನ, ಸವಲತ್ತು ಕೊಡುವ ಸಲುವಾಗಿ ಸರ್ಕಾರ ನಮ್ಮ ಮಾಹಿತಿ ಬಳಸಲು ಪ್ರತ್ಯೇಕ ಒಪ್ಪಿಗೆ ಪಡೆಯಬೇಕಿಲ್ಲ ಎಂಬುದಕ್ಕೆ 7ನೇ ಕಲಂ ದಾರಿ ಮಾಡಿಕೊಡುತ್ತದೆ. ಹಸಿದ ಕೈ ಮುಂದೆ ಚಾಚಿದಾಗ ಕೇಳುವ ಒಪ್ಪಿಗೆಗೆ ಅರ್ಥವಿಲ್ಲ ಎಂಬುದು ಬೇರೆ ಮಾತು; ಇಲ್ಲಿ ಕೇಳುವ ಶ್ರಮವೂ ಬೇಡವಾಗಿದೆ.

ದಾರಿ ಕಾಣದೆ ಹೀಗಾಗಿದೆ ಎಂದು ಯಾರಾದರೂ ಹೇಳಿದರೆ ನಮ್ಮ ಬಸ್ ನಿಲ್ದಾಣಕ್ಕೆ ಬನ್ನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಶೂನ್ಯ ದರದ ಚೀಟಿ ಪಡೆದು ಹೋಗುತ್ತಿದ್ದಾರೆ. ಹುಲಿಗೆಮ್ಮ ನನ್ನಲ್ಲಿಗೆ ಬಂದದ್ದೂ ಹಾಗೆಯೇ. ನಿರ್ವಾಹಕರು ಗುರುತಿನ ಚೀಟಿ ನೋಡುತ್ತಾರೆ, ಮುಖ ನೋಡುತ್ತಾರೆ, ಚೀಟಿ ಹರಿದು ಕೊಡುತ್ತಾರೆ. ನೂಕುನುಗ್ಗಲಿನ ಬಸ್ಸಿನಲ್ಲಿ, ಎರಡು ಉಸಿರಿನ ಕೆಲಸ. ಅದೇ ಸರ್ಕಾರ, ಅದೇ ಚೀಟಿ, ಅದೇ ಹೆಂಗಸು. ಅಲ್ಲಿ ಮನುಷ್ಯನ ಕಣ್ಣಿಗೆ ಬೆಲೆ ಇದೆ.

ಹುಲಿಗೆಮ್ಮನ ಖಾತೆ ಇರುವ ಬ್ಯಾಂಕಿಗೆ ಮೊನ್ನೆ ಅರ್ಜಿ ಬರೆದುಕೊಟ್ಟೆ: ಬೆರಳಚ್ಚು ಯಂತ್ರದಲ್ಲಿ ಹೊಂದುತ್ತಿಲ್ಲ, ಸಾಕ್ಷಿಗಳ ಸಮಕ್ಷಮ ಹಣ ಕೊಡಬೇಕು. ಒಂದು ದಿನದ ಕೂಲಿ ಬಿಟ್ಟು ಅವರು ಬಂದಿದ್ದರು. ಮುದ್ರೆಯ ಮಸಿಯ ಡಬ್ಬಿ ತೆಗೆದು ಎಡ ಹೆಬ್ಬೆಟ್ಟು ಅದ್ದಿಸಿ ಕಾಗದದ ಮೇಲೆ ಒತ್ತಿಸಿದೆ. ಗೆರೆ ಒಂದೂ ಮೂಡಲಿಲ್ಲ. ನೇರಳೆ ಬಣ್ಣದ ಒಂದು ದುಂಡು ಕಲೆ, ನಡುವೆ ಬಿರುಕಿನ ಬಿಳಿ ಅಡ್ಡಗೀಟು. ಅದರ ಸುತ್ತ ಅಜ್ಜನ ಪತ್ರದಲ್ಲಿದ್ದ ಸಾಲನ್ನೇ ಬರೆದೆ, ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು ಎಂದು. ಕೆಳಗೆ ನಾನು ಸಹಿ ಹಾಕಿದೆ. ಪಕ್ಕದ ಚಹಾದ ಅಂಗಡಿಯ ಅಣ್ಣನನ್ನು ಕರೆದೆ. ಅವರು ಕೈ ಒರೆಸಿಕೊಂಡು ಬಂದು ಎರಡನೆಯ ಸಹಿ ಹಾಕಿದರು. ಮಸಿ ಆರಲೆಂದು ಹುಲಿಗೆಮ್ಮ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಫ್ಯಾನಿನ ಕೆಳಗೆ ಬಹಳ ಹೊತ್ತು ನಿಂತಿದ್ದರು.