‘ಹೊಂದಿಕೆ’ಯ ಆರನೆಯ ಗುಂಡಿ: ಲಾಗಿನ್ ಪರದೆಯಲ್ಲಿ ಸಿಕ್ಕಿಕೊಂಡ ಕನ್ನಡ ಕೀಲಿಮಣೆ

ಮೂರು ವಾರ ಕಾಡಿದ ತೊಡಕು ನಿನ್ನೆ ರಾತ್ರಿ ಬಗೆಹರಿಯಿತು. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟನ್ನು ಮೊದಲ ಸಲ ಬಳಸುವವರಿಗಾಗಿ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಕುಳಿತು ನಾನು ಬರೆಯುತ್ತಿರುವ ‘ಹೊಂದಿಕೆ’ ಎಂಬ ಮುಕ್ತ ತಂತ್ರಾಂಶದಲ್ಲಿ ದೊಡ್ಡ ಅಕ್ಷರದ ಆರು ಗುಂಡಿಗಳಿವೆ. ಅಕ್ಷರದ ಗಾತ್ರ, ಮೌಸ್ ಬಾಣದ ಗಾತ್ರ, ಪರದೆಯ ಬಣ್ಣ ಮೊದಲಾದ ಐದು ಗುಂಡಿಗಳು ಮೊದಲ ವಾರದಲ್ಲೇ ಸಿದ್ಧವಾದವು. ಒಳಗೆ ಹೊಂದಿಕೆಗಳನ್ನು ಬದಲಿಸುವ ಜಿಸೆಟ್ಟಿಂಗ್ಸ್ ಆಜ್ಞೆಯ ಒಂದೊಂದು ಸಾಲು, ಹೊರಗೆ ಗುಂಡಿಗಳನ್ನು ತೋರಿಸುವ ಯಾಡ್‌ನ ಒಂದು ಕಿಟಕಿ; ಶೆಲ್ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ಬರೆದವರಿಗೆ ಅದರ ವಿವರ ಬೇಕಾಗದು. ಇಲ್ಲಿ ಬರೆಯುತ್ತಿರುವುದು ಆರನೆಯ ಗುಂಡಿಯ ಬಗ್ಗೆ. ಅದರ ಮೇಲಿನ ಹೆಸರು ‘ಕನ್ನಡದಲ್ಲಿ ಟೈಪ್ ಮಾಡು’.

ಗುಳೇದಗುಡ್ಡದಲ್ಲಿ ಖಣದ ವ್ಯಾಪಾರ ಮಾಡುವ ನಮ್ಮ ಸೋದರಮಾವನ ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಆ ಯಂತ್ರದಲ್ಲಿ ಕೂಡುವುದಿಲ್ಲ. ಆದ್ದರಿಂದ ಮಿಂಟ್ 22 ಹಾಕಿ, ‘ಹೊಂದಿಕೆ’ಯ ಮೊದಲ ಬಳಕೆದಾರರನ್ನಾಗಿ ಅವರನ್ನೇ ಆರಿಸಿಕೊಂಡೆ. ಅವರು ಆರನೆಯ ಗುಂಡಿ ಒತ್ತಿದರು, ಕನ್ನಡ ಬಂತು, ಖುಷಿಪಟ್ಟರು. ಮರುದಿನ ಮುಂಜಾನೆ ಫೋನು ಬಂತು.

“ಅಳ್ಯಾ, ನಿನ್ನೆ ರಾತ್ರಿ ಛಲೋ ಇತ್ತು. ಈಗ ಚಾಲೂ ಮಾಡಿದ್ರ ಪಾಸ್‌ವರ್ಡ್ ತಪ್ಪ ಅನ್ನಾಕತ್ತೈತಿ. ನಾ ಏನೂ ಮುಟ್ಟಿಲ್ಲಪಾ.”

“ಮಾವಾ, ಸಾವಕಾಶ ಇನ್ನೊಮ್ಮೆ ಹೊಡೀರಿ,” ಎಂದು ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ ಅದೇ ಉತ್ತರ. ಅವರು ಒತ್ತುತ್ತಿದ್ದ ಕೀಲಿಗಳೆಲ್ಲ ಸರಿಯಾಗಿದ್ದವು. ತಪ್ಪು ನಡೆದಿದ್ದು ನನ್ನ ಸ್ಕ್ರಿಪ್ಟಿನಲ್ಲಿ.

ಆ ಗುಂಡಿ ಇಡೀ ಯಂತ್ರದ ಹೊಂದಿಕೆಗಳಿರುವ ಇಟಿಸಿ ಫೋಲ್ಡರಿನೊಳಗಿನ ಡೀಫಾಲ್ಟ್ ಫೋಲ್ಡರಿಗೆ ಹೋಗಿ, ಅಲ್ಲಿನ ‘ಕೀಬೋರ್ಡ್’ ಕಡತದಲ್ಲಿ ಲೇಔಟ್ (ಕೀಲಿಗಳ ವಿನ್ಯಾಸ) ಸಾಲನ್ನು ‘ಐಎನ್, ಯುಎಸ್’ (ಭಾರತ, ಅಮೆರಿಕ) ಎಂದೂ ವೇರಿಯಂಟ್ (ಅದರ ಒಳಬಗೆ) ಸಾಲನ್ನು ‘ಕೆಎಎನ್-ಕಗಪ’ (ಕನ್ನಡದ ಕಗಪ ವಿನ್ಯಾಸ) ಎಂದೂ ಬರೆಯುತ್ತಿತ್ತು. ಕನ್ನಡದ ಯಂತ್ರದಲ್ಲಿ ಕನ್ನಡವೇ ಮೊದಲಿರಲಿ ಎಂಬ ಆಸೆಯಿಂದ ಆ ಅನುಕ್ರಮ ಇಟ್ಟಿದ್ದೆ. ಬಳಕೆದಾರರು ಆರಿಸಿಕೊಂಡ ಹೊಂದಿಕೆಗಳು ಅವರವರ ಹೋಮ್ ಫೋಲ್ಡರಿನ ಡಿಕಾನ್ಫ್ ಕಡತದಲ್ಲಿರುತ್ತವೆ, ಲಾಗಿನ್ ಆದ ಮೇಲೆಯೇ ಅವುಗಳನ್ನು ಓದಲಾಗುತ್ತದೆ. ಲಾಗಿನ್ ಪರದೆ ಏಳುವುದು ಅದಕ್ಕೂ ಮೊದಲು. ಅದು ನಂಬುವುದು ಇಟಿಸಿಯಲ್ಲಿರುವ ಈ ಕಡತವನ್ನು ಮಾತ್ರ. ಹೀಗಾಗಿ ಪಾಸ್‌ವರ್ಡಿನ ಚೌಕದಲ್ಲಿ ಮಾವ ಇಂಗ್ಲಿಷ್ ಎಂದುಕೊಂಡು ಒತ್ತಿದ ಒಂದೊಂದು ಕೀಲಿಯೂ ಕನ್ನಡ ಅಕ್ಷರವಾಗುತ್ತಿತ್ತು. ಕಾಣುವುದು ಬರೀ ಚುಕ್ಕೆ, ಚುಕ್ಕೆಗೆ ಭಾಷೆ ಎಲ್ಲಿಯದು? ಭಾಷೆ ಬದಲಿಸುವ ಕೀಲಿಯ ಸಾಲನ್ನು ನಾನು ಆ ಕಡತದಲ್ಲಿ ಬರೆದೇ ಇರಲಿಲ್ಲ, ಆದ್ದರಿಂದ ಕೀಲಿಯಿಂದ ಇಂಗ್ಲಿಷಿಗೆ ಮರಳುವ ದಾರಿಯೂ ಇರಲಿಲ್ಲ. ಯಂತ್ರವನ್ನು ಹೊರಗಿನಿಂದಲೇ ಚಾಲೂ ಮಾಡುವ ಲೈವ್ ಪೆನ್‌ಡ್ರೈವ್ ತೆಗೆದುಕೊಂಡು ಬಸ್ಸು ಹತ್ತಿ ಹೋಗಿ, ಕಡತವನ್ನು ಮೊದಲಿದ್ದಂತೆ ಮಾಡಿ ಬಂದೆ. ನನ್ನ ಯಂತ್ರದಲ್ಲಿ ಇದು ಕಾಣದೆ ಹೋದದ್ದಕ್ಕೆ ಕಾರಣ ಇಷ್ಟೇ: ಅದರಲ್ಲಿ ತಾನಾಗಿ ಲಾಗಿನ್ ಆಗುವ ವ್ಯವಸ್ಥೆ ಇತ್ತು. ಹೊಸಬರಿಗಾಗಿ ತಂತ್ರಾಂಶ ಬರೆಯುವವರು ಆ ಸೌಲಭ್ಯವನ್ನು ಮೊದಲು ತೆಗೆದು ಹಾಕಬೇಕು.

ಅನುಕ್ರಮವನ್ನು ತಿರುಗಿಸಿ ‘ಯುಎಸ್, ಐಎನ್’ ಎಂದು ಬರೆದರೆ ಸಾಕೆಂದು ತಿಳಿದಿದ್ದೆ. ಅಲ್ಲಿ ಎರಡನೆಯ ಗಂಟು ಎದುರಾಯಿತು. ಲೇಔಟುಗಳೂ ವೇರಿಯಂಟುಗಳೂ ಸ್ಥಾನಕ್ಕೆ ಸ್ಥಾನ ಹೊಂದಿಕೊಳ್ಳುತ್ತವೆ. ವೇರಿಯಂಟಿನ ಸಾಲು ಹಳೆಯದೇ ಉಳಿದದ್ದರಿಂದ, ಕಗಪ ಎಂಬುದು ಮೊದಲ ಸ್ಥಾನದ ಅಮೆರಿಕನ್ ಲೇಔಟಿಗೆ ಹೋಗಿ ಅಂಟಿಕೊಂಡಿತು. ಅಂಥ ವೇರಿಯಂಟ್ ಅದರಲ್ಲಿ ಇಲ್ಲ. ಲೇಔಟ್ ಲೋಡ್ ಆಗಲೇ ಇಲ್ಲ. ಪರೀಕ್ಷೆಗೆಂದು ವೇರಿಯಂಟನ್ನೇ ಅಳಿಸಿ ನೋಡಿದರೆ ‘ಕನ್ನಡ’ದ ಗುಂಡಿ ದೇವನಾಗರಿ ಬರೆಯತೊಡಗಿತು, ಏಕೆಂದರೆ ವೇರಿಯಂಟ್ ಹೇಳದಿದ್ದರೆ ‘ಐಎನ್’ ಎಂಬುದಕ್ಕೆ ದೇವನಾಗರಿ ಎಂದೇ ಅರ್ಥ. ಬೇಕಾಗಿದ್ದುದು ‘ಕೆಎಎನ್-ಕಗಪ’ಕ್ಕೂ ಮೊದಲು ಒಂದು ಅಲ್ಪವಿರಾಮ: ಮೊದಲ ಲೇಔಟಿಗೆ ವೇರಿಯಂಟ್ ಏನೂ ಇಲ್ಲ, ಎರಡನೆಯದಕ್ಕೆ ಕಗಪ. ಆ ಒಂದು ಗುರುತಿಗಾಗಿ ಎರಡು ರಾತ್ರಿ ಹೋದವು.

ಯಾವ ಭಾಷೆ ನಡೆದಿದೆ ಎಂದು ತಿಳಿಯಲು ಸ್ಕ್ರೋಲ್ ಲಾಕ್ ದೀಪವನ್ನು ಬಳಸುವ ಆಯ್ಕೆ ಈ ಲೇಔಟುಗಳನ್ನು ನಡೆಸುವ ಎಕ್ಸ್‌ಕೆಬಿ ವ್ಯವಸ್ಥೆಯಲ್ಲಿದೆ. ಕನ್ನಡ ಇದ್ದಾಗ ದೀಪ ಹತ್ತುತ್ತದೆ. ಅದಕ್ಕೆಂದೇ ಮೂರು ದೀಪಗಳ ಕೀಬೋರ್ಡ್ ನೋಡಿ ಐದು ತರಿಸಿದೆ. ಚಿತ್ರದಲ್ಲಿ ಮೂರು ದೀಪ, ಪೆಟ್ಟಿಗೆಯಲ್ಲಿ ಬಂದವುಗಳಿಗೆ ಎರಡು. ಜೊತೆಗೆ ಕೇಳಿದ್ದ ಕಗಪ ಸ್ಟಿಕರುಗಳ ಬದಲು ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸದವು ಬಂದಿದ್ದವು. ಮಾರಾಟಗಾರನಿಗೆ ಎರಡು ಸಲ ಬರೆದೆ. “ಎಲ್ಲಾ ಕನ್ನಡನೇ ಅಲ್ಲೇನ್ರಿ” ಎಂಬ ಉತ್ತರ ಬಂತು. ಅಲ್ಲ. ಇನ್‌ಸ್ಕ್ರಿಪ್ಟಿನ ಸ್ಟಿಕರ್ ನೋಡಿಕೊಂಡು ಕಗಪದಲ್ಲಿ ಟೈಪ್ ಮಾಡುವವರಿಗೆ ಒಂದು ಪದವೂ ಸರಿಯಾಗಿ ಮೂಡುವುದಿಲ್ಲ, ಮತ್ತು ಹೊಸಬರು ಅದನ್ನು ತಮ್ಮ ತಪ್ಪೆಂದೇ ತಿಳಿಯುತ್ತಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಅಲ್ಪವಿರಾಮ ಸಿಕ್ಕ ಮೇಲೂ ಮನಸ್ಸು ಒಪ್ಪಲಿಲ್ಲ. ‘ಹೊಂದಿಕೆ’ಯ ಉಳಿದ ಗುಂಡಿಗಳಲ್ಲಿ ಒಂದು ರಕ್ಷಣೆ ಇಟ್ಟಿದ್ದೇನೆ: ಬದಲಾವಣೆ ಆದೊಡನೆ ‘ಇದು ಸರಿ ಇದೆಯೇ?’ ಎಂಬ ಕಿಟಕಿ ಏಳುತ್ತದೆ, 15 ಸೆಕೆಂಡಿನೊಳಗೆ ‘ಹೌದು’ ಒತ್ತದಿದ್ದರೆ ಎಲ್ಲವೂ ಮೊದಲಿನಂತಾಗುತ್ತದೆ. ಅಕ್ಷರ ಅತಿ ದೊಡ್ಡದಾಗಿ ಗುಂಡಿಗಳು ಪರದೆಯ ಹೊರಗೆ ಹೋದರೂ ಗಾಬರಿಯಾಗಬೇಕಿಲ್ಲ. ಆದರೆ ಲಾಗಿನ್ನಿಗೆ ಸಂಬಂಧಿಸಿದ ದೋಷ ಆ 15 ಸೆಕೆಂಡುಗಳಲ್ಲಿ ಕಾಣುವುದೇ ಇಲ್ಲ. ರಾತ್ರಿ ‘ಹೌದು’ ಎಂದವರಿಗೆ ಅದು ತಿಳಿಯುವುದು ಮುಂಜಾನೆ, ಆಗ ‘ಮೊದಲಿನಂತೆ ಮಾಡು’ ಎಂಬ ಗುಂಡಿ ಪಾಸ್‌ವರ್ಡಿನ ಆಚೆ ಉಳಿದಿರುತ್ತದೆ. ಆದ್ದರಿಂದ ಇಟಿಸಿಯನ್ನು ಮುಟ್ಟುವ ಸಾಲುಗಳನ್ನೆಲ್ಲ ಅಳಿಸಿದೆ. ಈಗ ಈ ತಂತ್ರಾಂಶ ಅಡ್ಮಿನ್ ಪಾಸ್‌ವರ್ಡನ್ನು ಕೇಳುವುದೇ ಇಲ್ಲ. ಅದು ಬದಲಿಸುವುದೆಲ್ಲ ಬಳಕೆದಾರರ ಹೋಮ್ ಫೋಲ್ಡರಿನ ಒಳಗಿನದು.

ಕನ್ನಡವನ್ನು ಈಗ ಐಬಸ್ ಎಂಬ ಟೈಪಿಂಗ್ ತಂತ್ರಾಂಶಕ್ಕೆ ಒಪ್ಪಿಸಿದ್ದೇನೆ. ಹಲವು ಭಾಷೆಗಳ ಕೀಲಿವಿನ್ಯಾಸಗಳಿರುವ ಅದರ ಎಂ17ಎನ್ ಪೊಟ್ಟಣವನ್ನು ಮಿಂಟ್ ಹಾಕುವಾಗಲೇ ಒಮ್ಮೆ ಸೇರಿಸಿಟ್ಟರಾಯಿತು. ಎಂಜಿನ್ನುಗಳ ಪಟ್ಟಿಯಲ್ಲಿ ಮೊದಲು ಇಂಗ್ಲಿಷ್, ಎರಡನೆಯದು ಕೆಜಿಪಿ, ಅಂದರೆ ಕಗಪ; ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇದರಿಂದ ಇನ್ನೊಂದು ಕೊರತೆಯೂ ನೀಗಿತು. ಎಕ್ಸ್‌ಕೆಬಿಗೆ ಹಿಂದಿನ ಅಕ್ಷರದ ಅರಿವಿರುವುದಿಲ್ಲ, ಒಂದು ಕೀಲಿಗೆ ಒಂದು ಚಿಹ್ನೆ ಕೊಟ್ಟು ಸುಮ್ಮನಾಗುತ್ತದೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಕೈ ಪಳಗಿದ ಮಾವನಿಗೆ ‘ಉಡಿ’ ಎಂಬಲ್ಲಿನ ಉಕಾರಕ್ಕೂ ‘ಗುಳೇದಗುಡ್ಡ’ ಎಂಬಲ್ಲಿನ ಕೊಂಬಿಗೂ ಒಂದೇ ‘ಯು’ ಕೀಲಿ ಸಾಲಬೇಕು. ಐಬಸ್‌ನ ಕೆಜಿಪಿಯಲ್ಲಿ ಸಾಲುತ್ತದೆ, ಏಕೆಂದರೆ ಮುಂಚೆ ವ್ಯಂಜನ ಬಂದಿದೆಯೇ ಎಂದು ಅದು ನೋಡುತ್ತದೆ. ಶಿಫ್ಟ್ ಹಿಡಿದು ಕೆ, ಎನ್ ಒತ್ತಿದರೆ ‘ಖಣ’. ಡಬ್ಲ್ಯು, ಎಫ್, ಡಬ್ಲ್ಯು ಒತ್ತಿದರೆ ಗುಡ್ಡದ ‘ಡ್ಡ’. ಕೀಲಿಮಣೆಯ ಮೇಲೆ ಸ್ಟಿಕರ್ ಇಲ್ಲದೆಯೂ ಮಾವನ ಬೆರಳುಗಳಿಗೆ ಇವು ಗೊತ್ತು.

ನಿನ್ನೆ ತಾನಾಗಿ ಲಾಗಿನ್ ಆಗುವುದನ್ನು ತೆಗೆದು, ಕನ್ನಡ ಚಾಲ್ತಿಯಲ್ಲಿರುವಾಗಲೇ ಯಂತ್ರವನ್ನು ಹತ್ತು ಸಲ ಆರಿಸಿ ಹತ್ತು ಸಲ ಹಚ್ಚಿದೆ. ಪ್ರತಿ ಸಲವೂ ಲಾಗಿನ್ ಪರದೆ ಇಂಗ್ಲಿಷ್ ಪಾಸ್‌ವರ್ಡನ್ನು ಒಂದೇ ಏಟಿಗೆ ತೆಗೆದುಕೊಂಡಿತು.

ಮಾವನ ಯಂತ್ರದಿಂದಲೇ ಮುಂದಿನ ಕೆಲಸವೂ ಹುಟ್ಟಿದೆ. ಮಾವನ ಹಳೆಯ ಲೆಕ್ಕದ ಕಡತಗಳೆಲ್ಲ ಯೂನಿಕೋಡ್ ಬರುವ ಮುಂಚಿನ ನುಡಿ ಫಾಂಟಿನವು, ಆ ಫಾಂಟಿಲ್ಲದ ಮಿಂಟಿನಲ್ಲಿ ಅವು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತವೆ. ಏಳನೆಯ ಗುಂಡಿಯಾಗಿ ಒಂದು ಪರಿವರ್ತಕ ಬರೆಯಲು ಶುರು ಮಾಡಿದ್ದೇನೆ. ಅಕ್ಷರಕ್ಕೆ ಅಕ್ಷರ ಬದಲಿಸುವುದು ಸುಲಭ, ಕಷ್ಟವಿರುವುದು ಅರ್ಕಾವತ್ತಿನಲ್ಲಿ: ಹಳೆಯ ಕಡತದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೂ ಹಲಂತವೂ ಆ ಅಕ್ಷರದ ಮುಂಚೆ ಬರಬೇಕು. ಆದ್ದರಿಂದ ಪರಿವರ್ತಕ ಕೊಂಬನ್ನೂ ಒತ್ತನ್ನೂ ದಾಟಿ ಹಿಂದಕ್ಕೆ ಹೋಗಿ ಅಕ್ಷರದ ಆರಂಭವನ್ನು ಹುಡುಕಬೇಕು. ಲೆಕ್ಕದ ಪುಸ್ತಕದ ಪುಟಪುಟದಲ್ಲೂ ‘ಖರ್ಚು’ ಎಂಬ ಪದವಿದೆ, ಸದ್ಯಕ್ಕೆ ನನ್ನ ಪರಿವರ್ತಕ ಅದನ್ನು ‘ಖಚುರ್’ ಎಂದು ಬರೆಯುತ್ತಿದೆ.